ಒಂದು ಚಿತ್ರದ ಪಕ್ಕದಲ್ಲಿ ಇನ್ನೊಂದು: ಮೈನರ್ ವೈಟ್ ಅವರ ವೃತ್ತಿಜೀವನ

ಮಾನ್ಯ ಅಧ್ಯಕ್ಷರೇ, ಛಾಯಾಗ್ರಹಣದಲ್ಲಿ ಆಸಕ್ತಿಯಿರುವ ಸ್ನೇಹಿತರೇ,

ಪ್ರದರ್ಶನವೊಂದರ ಹಿಂದಿನ ದಿನ ಗ್ಯಾಲರಿಯೊಳಗೆ ಕಾಲಿಟ್ಟವರಿಗೆ ಒಂದು ದೃಶ್ಯ ಪರಿಚಿತ. ಚೌಕಟ್ಟು ಹಾಕಿದ ಚಿತ್ರಗಳು ಇನ್ನೂ ಗೋಡೆಯೇರಿರುವುದಿಲ್ಲ. ನೆಲದ ಮೇಲೆ ಸಾಲಾಗಿ ಗೋಡೆಗೆ ಒರಗಿರುತ್ತವೆ. ಒಬ್ಬರು ದೂರ ನಿಂತು ನೋಡುತ್ತಾರೆ, ಹತ್ತಿರ ಬಂದು ಮೂರನೆಯದನ್ನೆತ್ತಿ ಏಳನೆಯದರ ಪಕ್ಕಕ್ಕಿಡುತ್ತಾರೆ, ಮತ್ತೆ ದೂರ ಸರಿಯುತ್ತಾರೆ. ಚಿತ್ರ ಅದೇ, ನೆರೆಯ ಚಿತ್ರ ಬದಲಾದದ್ದೇ ತಡ, ಅದು ಹೇಳುವ ಮಾತು ಬೇರೆಯಾಗಿರುತ್ತದೆ. ಅಮೆರಿಕದ ಛಾಯಾಗ್ರಾಹಕ ಮೈನರ್ ವೈಟ್ ಅವರ ಬಗ್ಗೆ ಯೋಚಿಸುವಾಗಲೆಲ್ಲ ನನಗೆ ಮೊದಲು ನೆನಪಾಗುವುದು ಈ ದೃಶ್ಯ. ಕಲಾವಿದ, ಶಿಕ್ಷಕ, ಪ್ರದರ್ಶನ ಜೋಡಿಸುವ ಕ್ಯುರೇಟರ್, ಸಂಪಾದಕ ಎಂದು ನಾಲ್ಕು ಖಾನೆಗಳಲ್ಲಿ ಹಂಚಿ ಅವರನ್ನು ಪರಿಚಯಿಸುವ ರೂಢಿಯಿದೆ. ನನಗೆ ಆ ಹಂಚಿಕೆ ಒಪ್ಪಿಗೆಯಿಲ್ಲ. ಅವರು ಜೀವನವಿಡೀ ಮಾಡಿದ ಕೆಲಸ ಒಂದೇ: ಒಂದು ಚಿತ್ರದ ಪಕ್ಕದಲ್ಲಿ ಇನ್ನೊಂದನ್ನಿಟ್ಟು, ನೋಡುವವರನ್ನು ಅವೆರಡರ ನಡುವೆ ಸಾಕಷ್ಟು ಹೊತ್ತು ತಡೆದು ನಿಲ್ಲಿಸುವುದು.

ವೈಟ್ ಹುಟ್ಟಿದ್ದು 1908ರಲ್ಲಿ, ಮಿನಿಯಾಪೊಲಿಸ್ ನಗರದಲ್ಲಿ, ಓದಿದ್ದು ಸಸ್ಯಶಾಸ್ತ್ರ. ಪದವಿಯ ನಂತರ ವಿಜ್ಞಾನದ ಕಡೆ ತಿರುಗದೆ, ಹೊಟ್ಟೆಪಾಡಿಗೆ ಊಟ ಬಡಿಸುವ ಕೆಲಸ, ಬಾರಿನ ಕೆಲಸ ಮಾಡಿಕೊಂಡು, ಪ್ರೇಮವನ್ನು ಕುರಿತ ನೂರು ಸುನೀತಗಳ ಮಾಲೆಯೊಂದನ್ನು ಬರೆಯಲು ಹೊರಟರು. ಚರಿತ್ರಕಾರರು ಸಾಮಾನ್ಯವಾಗಿ ಇದನ್ನು ಯೌವನದ ಹುಚ್ಚೆಂದು ಒಂದು ವಾಕ್ಯದಲ್ಲಿ ಮುಗಿಸುತ್ತಾರೆ, ಆದರೆ ನನ್ನ ಮಟ್ಟಿಗೆ ಅವರ ಛಾಯಾಗ್ರಹಣದ ಬೇರು ಇರುವುದು ಇಲ್ಲಿ. ಹದಿನಾಲ್ಕು ಸಾಲಿನ ಸುನೀತ ತನ್ನಷ್ಟಕ್ಕೆ ತಾನು ಪೂರ್ಣ. ಮಾಲೆಯೊಳಗೆ ಬಂದಾಗ ಮಾತ್ರ ಹಿಂದಿನದಕ್ಕೆ ಉತ್ತರ ಕೊಡುತ್ತ, ಮುಂದಿನದಕ್ಕೆ ಪ್ರಶ್ನೆಯಾಗುತ್ತದೆ. 1937ರಲ್ಲಿ ಆರ್ಗಸ್ ಎಂಬ 35 ಮಿಲಿಮೀಟರ್ ಕ್ಯಾಮೆರಾ ಕೊಂಡು ಒರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್‌ಗೆ ಬಂದಿಳಿದ ವೈಟ್, ಮರುವರ್ಷ ಸರ್ಕಾರದ ಉದ್ಯೋಗ ಯೋಜನೆಯೊಂದರಡಿ, ಕೆಡವಲು ಗೊತ್ತಾಗಿದ್ದ ಎರಕದ ಕಬ್ಬಿಣದ ಮುಂಭಾಗವುಳ್ಳ ಹಳೆಯ ಕಟ್ಟಡಗಳ ಚಿತ್ರ ತೆಗೆದರು. 1940ರ ಹೊತ್ತಿಗೆ ಲಾ ಗ್ರಾಂಡ್ ಎಂಬ ಚಿಕ್ಕ ಊರಿನ ಕಲಾಕೇಂದ್ರದಲ್ಲಿ ಪಾಠ ಹೇಳುತ್ತಿದ್ದರು. ಆಮೇಲೆ ಯುದ್ಧ, ಸೈನ್ಯ. ಅಲ್ಲಿ ಕ್ಯಾಮೆರಾ ಬಹುಮಟ್ಟಿಗೆ ಮೂಲೆ ಸೇರಿತು, ಪದ್ಯ ಬರೆಯುವುದು ನಿಲ್ಲಲಿಲ್ಲ.

ಯುದ್ಧ ಮುಗಿದ ಮೇಲೆ ನ್ಯೂಯಾರ್ಕ್‌ನಲ್ಲಿ ಹಿರಿಯ ಛಾಯಾಗ್ರಾಹಕ ಆಲ್ಫ್ರೆಡ್ ಸ್ಟೀಗ್ಲಿಟ್ಜ್ ಅವರ ಭೇಟಿಯಾಯಿತು. ತನಗೆ ಚಿತ್ರ ತೆಗೆಯಲು ಸಾಧ್ಯವೇ ಎಂಬ ಅಳುಕಿನಲ್ಲಿದ್ದ ವೈಟ್‌ಗೆ ಆ ಹಿರಿಯರು, ಎಂದಾದರೂ ಪ್ರೀತಿಸಿದ್ದುಂಟೇ ಎಂದು ಕೇಳಿದರಂತೆ. ಹೌದೆಂದಾಗ, ಹಾಗಾದರೆ ಚಿತ್ರವನ್ನೂ ತೆಗೆಯಬಲ್ಲೆ ಎಂದರಂತೆ. ಸ್ಟೀಗ್ಲಿಟ್ಜ್ 1920ರ ದಶಕದಿಂದ ಮೋಡಗಳ ಚಿತ್ರ ತೆಗೆದು, ಅವು ಮೋಡಗಳಲ್ಲ, ಮನಸ್ಸಿನ ಸ್ಥಿತಿಗಳಿಗೆ ಸಮಾನವಾದವು ಎಂದು ವಾದಿಸಿದ್ದರು. ವೈಟ್ ಈ ವಿಚಾರವನ್ನು ಕೊನೆಯವರೆಗೂ ಬಿಡಲಿಲ್ಲ.

1946ರಲ್ಲಿ ಅವರು ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ಸ್ಕೂಲ್ ಆಫ್ ಫೈನ್ ಆರ್ಟ್ಸ್ ಸೇರಿದರು. ಅಲ್ಲಿ ಛಾಯಾಗ್ರಹಣ ವಿಭಾಗ ಕಟ್ಟುತ್ತಿದ್ದವರು ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್, ಕಲಿಸುತ್ತಿದ್ದದ್ದು ಝೋನ್ ಸಿಸ್ಟಮ್. ಬೆಳಕಿನ ಮೀಟರಿಗೆ ಹಿಮವೂ ಒಂದೇ, ಇದ್ದಿಲೂ ಒಂದೇ. ಯಾವುದರ ಕಡೆ ಹಿಡಿದರೂ ಅದು ನಡುಬೂದು ಬಣ್ಣ ಬರುವ ಲೆಕ್ಕವನ್ನೇ ಕೊಡುತ್ತದೆ. ಅಚ್ಚ ಕಪ್ಪಿನಿಂದ ಅಚ್ಚ ಬಿಳುಪಿನವರೆಗೆ, ಸೊನ್ನೆಯಿಂದ ಹತ್ತರವರೆಗಿನ ಹನ್ನೊಂದು ಮೆಟ್ಟಿಲುಗಳನ್ನು ಮನಸ್ಸಿನಲ್ಲಿಟ್ಟುಕೊಂಡು, ಈ ನೆರಳು ಎಷ್ಟನೆಯ ಮೆಟ್ಟಿಲಲ್ಲಿ ಕೂರಬೇಕೆಂದು ಕ್ಯಾಮೆರಾ ಒತ್ತುವ ಮುಂಚೆಯೇ ತೀರ್ಮಾನಿಸಿ, ಅದಕ್ಕೆ ತಕ್ಕಂತೆ ಎಕ್ಸ್‌ಪೋಷರ್ ಕೊಟ್ಟು ನೆಗೆಟಿವ್ ತೊಳೆಯುವುದೇ ಈ ಪದ್ಧತಿ. ಆಡಮ್ಸ್ ಅವರಿಗೆ ಇದು ಕುಶಲತೆಯಾಗಿದ್ದರೆ, ವೈಟ್ ಅವರಿಗೆ ನೋಟವನ್ನು ಬಿಗಿಯಾಗಿ ಕಟ್ಟುವ ಶಿಸ್ತಾಯಿತು.

ಇದೇ ಕಾಲದಲ್ಲಿ ಅವರ ಮೊದಲ ದೊಡ್ಡ ಸರಣಿ ‘ಆಂಪ್ಯುಟೇಷನ್ಸ್’ ಸಿದ್ಧವಾಯಿತು. ಚಿತ್ರಗಳ ಜೊತೆ ಯುದ್ಧಕಾಲದ ಅವರ ಪದ್ಯಗಳೂ ಇದ್ದವು, ಆ ಪದ್ಯಗಳಲ್ಲಿ ಗೆದ್ದ ದೇಶದ ದೇಶಭಕ್ತಿಯ ಬಗ್ಗೆ ಅನುಮಾನವಿತ್ತು. ಸ್ಯಾನ್ ಫ್ರಾನ್ಸಿಸ್ಕೋದ ವಸ್ತುಸಂಗ್ರಹಾಲಯವೊಂದರಲ್ಲಿ ನಿಗದಿಯಾಗಿದ್ದ ಪ್ರದರ್ಶನ, ಬರಹ ಬಿಟ್ಟು ಚಿತ್ರ ಮಾತ್ರ ತೂಗುಹಾಕಲು ವೈಟ್ ಒಪ್ಪದ ಕಾರಣ ರದ್ದಾಯಿತು. ಆಗಿನ್ನೂ ಹೆಸರು ಮಾಡಿರದ ಮನುಷ್ಯ ಹಾಗೆ ಪಟ್ಟು ಹಿಡಿದದ್ದು ಸಣ್ಣ ಸಂಗತಿಯಲ್ಲ. ಮುಂದಿನ ಸರಣಿಯದು ಬೇರೆ ತೆರನ ಕಷ್ಟ. ತಮ್ಮ ವಿದ್ಯಾರ್ಥಿಯೊಬ್ಬನನ್ನು ರೂಪದರ್ಶಿಯಾಗಿಸಿ, ಆಸೆಗಳ ಸೆಳೆತದೊಡನೆ ಹೋರಾಡಿದ ಕ್ರೈಸ್ತ ಸಂತ ಆಂಥೋನಿಯ ಪ್ರಲೋಭನೆಯ ಹೆಸರಿನಲ್ಲಿ ಅವರು ಜೋಡಿಸಿದ 32 ಚಿತ್ರಗಳಲ್ಲಿ ಪುರುಷದೇಹದ ಬಗೆಗಿನ ಅವರ ಸ್ವಂತ ಮೋಹವೂ ಅಳುಕೂ ಎರಡೂ ಇವೆ. ಸಲಿಂಗಪ್ರೇಮ ಬಯಲಾದರೆ ಶಿಕ್ಷಕನ ಕೆಲಸಕ್ಕೇ ಸಂಚಕಾರ ಬರುತ್ತಿದ್ದ ಕಾಲವದು. ಅವರು ಬದುಕಿರುವವರೆಗೆ ಆ ಸರಣಿ ಇಡಿಯಾಗಿ ಸಾರ್ವಜನಿಕರ ಮುಂದೆ ಬರಲಿಲ್ಲ. ನೇರವಾಗಿ ಹೇಳಲಾಗದ್ದನ್ನು ಬಂಡೆಯ ಮೇಲೆ, ಮಂಜಿನ ಮೇಲೆ, ಸುಲಿದ ಬಣ್ಣದ ಮೇಲೆ ಹೊರಿಸುವ ಅವರ ರೀತಿಗೆ ಸ್ಟೀಗ್ಲಿಟ್ಜ್ ಅವರ ಮೋಡಗಳಷ್ಟೇ ಈ ಒತ್ತಡವೂ ಕಾರಣವೆಂದು ನಾನು ತಿಳಿದಿದ್ದೇನೆ.

1952ರಲ್ಲಿ ಆಡಮ್ಸ್, ಛಾಯಾಗ್ರಾಹಕಿಯರಾದ ಡೊರೊಥಿಯಾ ಲ್ಯಾಂಗ್, ಬಾರ್ಬರಾ ಮಾರ್ಗನ್, ಛಾಯಾಗ್ರಹಣದ ಬಗ್ಗೆ ಬರೆಯುತ್ತಿದ್ದ ನ್ಯೂಹಾಲ್ ದಂಪತಿ ಮೊದಲಾದವರೊಂದಿಗೆ ಸೇರಿ ‘ಅಪರ್ಚರ್’ ಪತ್ರಿಕೆ ಆರಂಭಿಸಿದ ವೈಟ್, 1975ರವರೆಗೆ ಅದರ ಸಂಪಾದಕರಾಗಿದ್ದರು. 1953ರಲ್ಲಿ ರಾಚೆಸ್ಟರ್‌ನ ಜಾರ್ಜ್ ಈಸ್ಟ್‌ಮನ್ ಹೌಸ್ ಎಂಬ ಛಾಯಾಗ್ರಹಣ ಸಂಗ್ರಹಾಲಯಕ್ಕೆ ಹೋಗಿ ಪ್ರದರ್ಶನಗಳನ್ನು ಸಿದ್ಧಪಡಿಸುವ ಕೆಲಸ ಹಿಡಿದರು. ಕೆಲ ವರ್ಷಗಳಲ್ಲಿ ಅದೇ ಊರಿನ ತಾಂತ್ರಿಕ ಸಂಸ್ಥೆಯಲ್ಲಿ ಪಾಠ ಆರಂಭಿಸಿದರು. ಪತ್ರಿಕೆಯ ಎದುರುಬದುರು ಪುಟಗಳು, ಗ್ಯಾಲರಿಯ ಗೋಡೆ, ತರಗತಿಯ ಮೇಜು ಇವೆಲ್ಲ ಅವರಿಗೆ ಸರಣಿ ಜೋಡಿಸುವ ಜಾಗಗಳೇ.

ಅವರ ತರಗತಿಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ವಿದ್ಯಾರ್ಥಿಗಳು ಮೈ ಸಡಿಲಿಸಿ, ಕಣ್ಣು ಮುಚ್ಚಿ, ಆಮೇಲೆ ಒಂದೇ ಚಿತ್ರವನ್ನು ಬಹಳ ಹೊತ್ತು ಮೌನವಾಗಿ ನೋಡಬೇಕು, ಚರ್ಚೆ ಅನಂತರ. 1958ರಲ್ಲಿ ರಾಚೆಸ್ಟರ್‌ನ ತಮ್ಮ ಮನೆಯಲ್ಲೇ ಅವರು ತೆಗೆದ, ಕಿಟಕಿಯ ಬಳಿಯ ಬಿಸಿಲಿನ ಪ್ರಸಿದ್ಧ ಚಿತ್ರವೊಂದನ್ನು ಎದುರಿಗಿಟ್ಟುಕೊಂಡು ನಾನೂ ಇದನ್ನು ಮಾಡಿ ನೋಡಿದ್ದೇನೆ. ಮೊದಲ ಎರಡು ನಿಮಿಷ ಇದು ಪರದೆ, ಇದು ಬಿಸಿಲು ಎಂದು ಹೆಸರಿಡುವುದರಲ್ಲೇ ಕಳೆಯಿತು. ಐದನೆಯ ನಿಮಿಷಕ್ಕೆ ಬೇಸರ, ಕೈ ತಾನಾಗಿ ಫೋನಿನ ಕಡೆ ಹೋಯಿತು. ಅದನ್ನೂ ದಾಟಿದ ಮೇಲೆ ಹೆಸರುಗಳು ಕಳಚಿಕೊಂಡು, ಪರದೆಗಿಂತ ಬೆಳಕೇ ಗಟ್ಟಿ ಪದಾರ್ಥವಾಗಿ, ಕೈಯಲ್ಲಿ ಹಿಡಿಯಬಹುದಾದ ವಸ್ತುವಿನಂತೆ ಕಾಣತೊಡಗಿತು. ಇದಕ್ಕೆ ಯಾವ ಗೂಢತೆಯೂ ಬೇಕಿಲ್ಲ, ತಾಳ್ಮೆ ಸಾಕು. ವೈಟ್ ಮಾತ್ರ ಗೂಢತೆಯನ್ನು ಧಾರಾಳವಾಗಿ ಬೆರೆಸಿದರು: ಝೆನ್ ಬೌದ್ಧಧರ್ಮ, ಗುರ್ಜಿಯೆಫ್ ಎಂಬ ಆಧ್ಯಾತ್ಮಿಕ ಗುರುವಿನ ಬೋಧನೆ, ಸಂಮೋಹನ ಎಲ್ಲವೂ ಪಾಠದೊಳಕ್ಕೆ ಬಂದವು, ಒಂದು ಹಂತದಲ್ಲಿ ವಿದ್ಯಾರ್ಥಿಗಳ ಜಾತಕ ಬರೆಸುವುದೂ ಕಡ್ಡಾಯವಾಯಿತು. ಮದುವೆಗೆ ಮಾತ್ರ ಜಾತಕ ನೋಡುವ ನಮಗೆ ಡಾರ್ಕ್‌ರೂಮಿಗೂ ಜಾತಕವೇ ಎಂದು ನಗು ಬಂದರೆ ತಪ್ಪಲ್ಲ, ಆಗಲೂ ನಕ್ಕವರಿದ್ದರು.

1965ರಿಂದ ಮ್ಯಾಸಚೂಸೆಟ್ಸ್‌ನ ತಾಂತ್ರಿಕ ವಿಶ್ವವಿದ್ಯಾಲಯ ಎಂಐಟಿಯಲ್ಲಿ ಕಲಿಸುತ್ತಿದ್ದಾಗ ಅವರು ಆಯ್ದು ಜೋಡಿಸಿದ ನಾಲ್ಕು ಪ್ರದರ್ಶನಗಳು, 1968ರ ‘ಲೈಟ್ 7’ರಿಂದ 1974ರ ‘ಸೆಲೆಬ್ರೇಷನ್ಸ್’ವರೆಗೆ, ಬಿಡಿ ಕಲಾವಿದರ ಪ್ರದರ್ಶನಗಳಾಗಿರಲಿಲ್ಲ, ಬೇರೆಬೇರೆಯವರ ಚಿತ್ರಗಳಿಂದ ಕಟ್ಟಿದ ವೈಟ್ ಅವರದೇ ಸರಣಿಗಳಾಗಿದ್ದವು. ಅವರ ಬಲವೂ ದೌರ್ಬಲ್ಯವೂ ಇಲ್ಲಿದೆ. 1972ರಲ್ಲಿ ಛಾಯಾಗ್ರಹಣವನ್ನು ಪ್ರಾರ್ಥನೆಗೆ ಸಮೀಕರಿಸಿದ ಪ್ರದರ್ಶನಕ್ಕೆ ವಿಮರ್ಶಕ ಎ. ಡಿ. ಕೋಲ್ಮನ್ ಅವರಿಂದ ತೀಕ್ಷ್ಣ ಖಂಡನೆ ಬಂತು. ಸ್ವಂತ 32 ಚಿತ್ರಗಳನ್ನು ತಮಗೆ ಬೇಕಾದ ಕ್ರಮದಲ್ಲಿಡುವುದು ಕಲಾವಿದನ ಹಕ್ಕು. ಇನ್ನೊಬ್ಬನ ಚಿತ್ರವನ್ನು ತನ್ನ ಧ್ಯಾನಕ್ಕೆ ಮಣಿಯಾಗಿ ಪೋಣಿಸುವಾಗ ಆ ಹಕ್ಕು ಎಲ್ಲಿಯವರೆಗೆ ಎಂಬ ಪ್ರಶ್ನೆಗೆ ವೈಟ್ ಸಮಾಧಾನಕರ ಉತ್ತರ ಕೊಡಲಿಲ್ಲ. ಪದ್ಯ ತೆಗೆದು ಚಿತ್ರ ಮಾತ್ರ ಕೊಡಿ ಎಂದವರಿಗೆ ಒಂದು ಕಾಲದಲ್ಲಿ ಬಗ್ಗದಿದ್ದವರು ಅವರೇ ಎಂಬುದನ್ನು ನೆನೆದರೆ ಈ ಮೌನ ಇನ್ನಷ್ಟು ಕುತೂಹಲಕರ.

1976ರ ಜೂನ್ 24ರಂದು ಅವರು ತೀರಿಕೊಂಡರು. ಚಿತ್ರಗಳೂ ಕಾಗದಪತ್ರಗಳೂ ಅವರ ಇಚ್ಛೆಯಂತೆ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯಕ್ಕೆ ಸೇರಿದವು. ಅಲ್ಲಿ ಅವನ್ನು ನೋಡಿಕೊಂಡವರು ಪೀಟರ್ ಬನೆಲ್, ರಾಚೆಸ್ಟರ್‌ನಲ್ಲಿ ವೈಟ್ ಅವರ ಎದುರು ಕುಳಿತು ಒಂದೇ ಚಿತ್ರವನ್ನು ದೀರ್ಘವಾಗಿ ನೋಡಲು ಕಲಿತಿದ್ದ ವಿದ್ಯಾರ್ಥಿ. 1989ರಲ್ಲಿ ನ್ಯೂಯಾರ್ಕ್‌ನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ವೈಟ್ ಅವರ ದೊಡ್ಡ ಪ್ರದರ್ಶನ ತೆರೆದಾಗ, ಯಾವ ಚಿತ್ರದ ಪಕ್ಕದಲ್ಲಿ ಯಾವುದು ಇರಬೇಕೆಂದು ಗೊತ್ತುಮಾಡುವ ಕೆಲಸ ಬನೆಲ್ ಅವರದಾಗಿತ್ತು.