ನಾಣ್ಯದ ಮೇಲಿನ ಗೆರೆ ಉಬ್ಬೋ ತಗ್ಗೋ? ಅಚ್ಚಿನ ಗುರುತು ಹಿಡಿಯುವ ಕ್ರಮ

[ತೆರೆಯಲ್ಲಿ: 1862ರ ವಿಕ್ಟೋರಿಯಾ ರೂಪಾಯಿಯ ಹಿಂಬದಿ, ಇಸವಿಯ ಹತ್ತಿರದ ನೋಟ]

ನಮಸ್ಕಾರ. ಕುಂಬಳೆ, ಬದಿಯಡ್ಕ, ಮಂಜೇಶ್ವರ ಕಡೆಯ ಹಳೆ ಮನೆಗಳ ಪೆಟ್ಟಿಗೆ ತೆರೆದರೆ ರಾಣಿ ತಲೆಯ ಬೆಳ್ಳಿ ರೂಪಾಯಿ, ಕಂಪೆನಿಯ ತಾಮ್ರದ ಕಾಲಾಣೆ, ತೂತು ಮುಕ್ಕಾಲು (ನಡುವೆ ತೂತಿರುವ ಹಳೆ ಪೈಸೆ) ಇವೆಲ್ಲ ಈಗಲೂ ಸಿಗುವುದುಂಟು. ಅದರಲ್ಲಿ ಒಂದು ಗೆರೆಯೋ ಚುಕ್ಕಿಯೋ ಕಂಡರೆ ಅಪರೂಪದ್ದು ಅಂತ ಬೆಲೆ ಕೇಳಲು ಹೊರಡಬೇಡಿ. ಅದು ಟಂಕಸಾಲೆಯಲ್ಲೇ ಬಂದದ್ದೋ, ಆಮೇಲೆ ಬಿದ್ದ ಪೆಟ್ಟೋ, ಮೊದಲು ಅದು ತೀರ್ಮಾನವಾಗಲಿ.

ನಾಣ್ಯದ ಮೇಲೆ ಚಿತ್ರ, ಅಕ್ಷರ ಒತ್ತುವ ಅಚ್ಚು ಉಕ್ಕಿನದು. ಅಚ್ಚಿನಲ್ಲಿ ತಗ್ಗಾಗಿ ಇರುವುದು ನಾಣ್ಯದಲ್ಲಿ ಉಬ್ಬಿ ಮೂಡುತ್ತದೆ. ಅಚ್ಚು ಬಿರುಕು ಬಿಟ್ಟರೆ ಒತ್ತಡಕ್ಕೆ ಲೋಹ ಆ ಬಿರುಕಿನೊಳಗೆ ನುಗ್ಗುತ್ತದೆ, ನಾಣ್ಯದಲ್ಲಿ ಉಬ್ಬುಗೆರೆ ಉಳಿಯುತ್ತದೆ. ನಾಣ್ಯಕ್ಕೇ ಆದ ಗೀರು ಮಾತ್ರ ತಗ್ಗು. ಅಚ್ಚಿನ ಅಕ್ಷರದೊಳಗೆ ಎಣ್ಣೆ, ಕೊಳೆ ತುಂಬಿದರೆ ಅಕ್ಷರ ಮಸುಕಾಗುವುದು ಬೇರೆ ವಿಷಯ. ಅಲ್ಲಿ ಗೆರೆ ಹುಟ್ಟುವುದಿಲ್ಲ, ಇದ್ದದ್ದು ಮಾಯವಾಗುತ್ತದೆ.

[ತೆರೆಯಲ್ಲಿ: ಮೇಜಿನ ಮೇಲೆ ನಾಣ್ಯ, ಒಂದೇ ದೀಪ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್]

ಉಬ್ಬೋ ತಗ್ಗೋ ಎಂಬುದು ಬರಿಗಣ್ಣಿಗೆ ಸುಲಭದಲ್ಲಿ ತಿಳಿಯದು, ಫೋಟೋದಲ್ಲಂತೂ ಕಣ್ಣು ಮೋಸ ಹೋಗುತ್ತದೆ. ಕೋಣೆಯ ಬೇರೆ ದೀಪ ಆರಿಸಿ. ಒಂದೇ ದೀಪವನ್ನು ನಾಣ್ಯದ ತಲೆಯ ಕಡೆ, ಮೇಜಿಗೆ ಹತ್ತಿರ ಓರೆಯಾಗಿ ಇಡಿ. ಈಗ ಅಕ್ಷರಗಳ ನೆರಳು ನೋಡಿ. ಅಕ್ಷರ ಉಬ್ಬು ಅಂತ ನಮಗೆ ಗೊತ್ತೇ ಇದೆಯಲ್ಲ, ಅದರ ನೆರಳು ದೀಪಕ್ಕೆ ಎದುರು ಬದಿಗೆ ಬೀಳುತ್ತದೆ. ನಿಮ್ಮ ಗೆರೆಯ ನೆರಳೂ ಅದೇ ಬದಿಗಿದ್ದರೆ ಗೆರೆ ಉಬ್ಬು. ದೀಪದ ಕಡೆಯ ಅಂಚಿಗೇ ನೆರಳು ಕಟ್ಟಿ, ಆಚೆ ಅಂಚು ಹೊಳೆದರೆ ತಗ್ಗು. ನಾಣ್ಯವನ್ನು ಮೆಲ್ಲನೆ ಒಂದು ಸುತ್ತು ತಿರುಗಿಸಿ, ನಾಲ್ಕೂ ದಿಕ್ಕಿನಿಂದ ಇದೇ ಉತ್ತರ ಬರಬೇಕು.

ಇನ್ನು ಗೆರೆ ಹೋಗುವ ದಾರಿ ನೋಡಿ. ಬಿರುಕಿನ ಗೆರೆ ಸಾಮಾನ್ಯವಾಗಿ ಅಂಚಿನಿಂದ ಹೊರಟು ಅಂಕುಡೊಂಕಾಗಿ ಅಕ್ಷರದಿಂದ ಅಕ್ಷರಕ್ಕೆ ಹಾಯುತ್ತದೆ. ಅಚ್ಚಿಗೆ ಪಾಲಿಶ್ ಹಾಕಿದ ಗೆರೆಗಳು ನೇರ, ಸಣ್ಣ, ಒಂದರ ಪಕ್ಕ ಒಂದು. ಅವು ಬಯಲಲ್ಲಿ, ಅಂದರೆ ಅಕ್ಷರ, ಚಿತ್ರ ಇಲ್ಲದ ಖಾಲಿ ಜಾಗದಲ್ಲಿ ಮಾತ್ರ ಇರುತ್ತವೆ, ಅಕ್ಷರದ ಬುಡಕ್ಕೆ ಬಂದು ನಿಂತು ಆಚೆ ಬದಿಯಲ್ಲಿ ಮುಂದುವರಿಯುತ್ತವೆ. ಉಜ್ಜಿದ ಗೀರು ಹಾಗಲ್ಲ, ಅಕ್ಷರದ ನೆತ್ತಿಯನ್ನೂ ಕೊರೆದು ಹೋಗುತ್ತದೆ. ಮಧ್ಯೆ ಬಿಲ್ಲೆ (ಮುದ್ರೆ ಬೀಳಬೇಕಾದ ಲೋಹದ ತುಂಡು) ಇಲ್ಲದೆ ಎರಡು ಅಚ್ಚು ಒಂದಕ್ಕೊಂದು ಬಡಿದರೆ, ರಾಣಿಯ ತಲೆಯ ಅಂಚು ಹಿಂಬದಿಯ ಬಳ್ಳಿಯ ನಡುವೆ ತೆಳುವಾಗಿ ಕಾಣುತ್ತದೆ.

ನಮ್ಮೂರಲ್ಲಿ ಮುಖ್ಯವಾಗಿ ನೋಡಬೇಕಾದ್ದು ಕೊಂಡಿಯ ಕಲೆ. ಬೆಳ್ಳಿ ರೂಪಾಯಿಗೆ ಕೊಂಡಿ ಬೆಸೆದು ಸರಕ್ಕೆ ಹಾಕುತ್ತಿದ್ದರು. ಕೊಂಡಿ ತೆಗೆದ ಮೇಲೆ ಅಂಚಿನಲ್ಲಿ ಉಳಿದ ಬೆಸುಗೆಯ ಗಂಟೂ ಉಬ್ಬೇ, ಅಚ್ಚಿನ ಅಂಚು ಮುರಿದು ಬಂದ ಗಂಟೂ ಉಬ್ಬೇ. ವ್ಯತ್ಯಾಸ ಇರುವುದು ಹಿಂಬದಿಯಲ್ಲಿ. ಅಚ್ಚು ಮುರಿದಿದ್ದರೆ ಲೋಹ ಆ ಪೊಳ್ಳಿನೊಳಗೆ ಹೋಗಿರುತ್ತದೆ, ಹಾಗಾಗಿ ಅದೇ ಜಾಗದ ಹಿಂಬದಿಯ ಚಿತ್ರ ಸರಿಯಾಗಿ ಮೂಡಿರುವುದಿಲ್ಲ. ಹಿಂಬದಿ ಗಟ್ಟಿಯಾಗಿ ಮೂಡಿದ್ದರೆ ಬೆಸುಗೆ ಅಂತಲೇ ಸಂಶಯಪಡಿ.

[ತೆರೆಯಲ್ಲಿ: ಮತ್ತೆ 1862ರ ರೂಪಾಯಿ, ಇಸವಿಯ ಕೆಳಗಿನ ಚುಕ್ಕಿಗಳು]

ಈ ಚುಕ್ಕಿಗಳು ದೋಷವಲ್ಲ, ಬೇಕೆಂದೇ ಇಟ್ಟವು. 1862ರ ಇಸವಿಯನ್ನೇ ಇಟ್ಟುಕೊಂಡು 1874ರವರೆಗೂ ರೂಪಾಯಿ ಅಚ್ಚು ಹಾಕಿದರು. ಬಾಂಬೆ ಟಂಕಸಾಲೆ ವರ್ಷ ಗುರುತಿಸಲು ಚುಕ್ಕಿ ಸೇರಿಸುತ್ತಿತ್ತು. ಚುಕ್ಕಿ ಎಣಿಸುವ ಮೊದಲು ಒಂದೊಂದರ ನೆರಳನ್ನೂ ನೋಡಿ: ದುಂಡಗೆ, ಉಬ್ಬಾಗಿ ಇದ್ದರಷ್ಟೇ ಲೆಕ್ಕಕ್ಕೆ. ಬೇರೆ ಬೇರೆ ಅಚ್ಚುಗಳನ್ನು ಗುರುತಿಸಲು 1840ರ ರೂಪಾಯಿಯಲ್ಲಿ ಎರಡು ಕಡೆ ಕಣ್ಣಿಡಿ. ರಾಣಿಯ ಹೆಸರು ತಲೆಯ ಮೇಲೆ ಒಂದೇ ಓಟದಲ್ಲಿ ಉಂಟೋ, ಎರಡು ಬದಿಗೆ ಒಡೆದಿದೆಯೋ? ಹಿಂಬದಿಯ ಬಳ್ಳಿಯಲ್ಲಿ ಕಾಯಿ ಎಷ್ಟು? ಕೆಲವದರಲ್ಲಿ 19, ಕೆಲವದರಲ್ಲಿ 28, ಇನ್ನು ಕೆಲವದರಲ್ಲಿ 35. 1943ರಿಂದ 1947ರವರೆಗಿನ ತೂತು ಮುಕ್ಕಾಲಿನಲ್ಲಿ ಕಿರೀಟದ ಆಕಾರ, ಅಕ್ಷರದ ಗಾತ್ರ, ಇಸವಿಯ ಗಾತ್ರ ಹೋಲಿಸಿ.

ಅಂಕೆ ಜೋಡಿಯಾಗಿ ಕಂಡರೆ ಆತುರ ಬೇಡ. ಅಚ್ಚಿನಲ್ಲೇ ಅಂಕೆಯನ್ನು ಎರಡು ಸಲ ಒತ್ತಿದ್ದರೆ ಎರಡನೆಯದೂ ದುಂಡಗೆ ಇರುತ್ತದೆ, ಮೂಲೆ ಸೀಳಿದಂತೆ ಕಾಣುತ್ತದೆ. ಮುದ್ರೆ ಬಿದ್ದಾಗ ಅಚ್ಚು ಅಲುಗಿದ್ದರೆ ಅಕ್ಷರದ ಪಕ್ಕದಲ್ಲಿ ಚಪ್ಪಟೆ ಮೆಟ್ಟಿಲು ಮಾತ್ರ. ಅದಕ್ಕೆ ಹೆಚ್ಚಿನ ಬೆಲೆ ಇಲ್ಲ.

ದಯವಿಟ್ಟು ಹುಣಸೆಹುಳಿ, ಬೂದಿ, ಪಾಲಿಶ್ ಹಾಕಿ ತಿಕ್ಕಬೇಡಿ. ಮಳೆಗಾಲದ ತೇವಕ್ಕೆ ಹಸಿರು ಹಿಡಿದ ತಾಮ್ರವನ್ನು ಬೆಳಗಬೇಕೆನಿಸುತ್ತದೆ, ನಿಜ. ಆದರೆ ಸೂಕ್ಷ್ಮ ಗೆರೆಗಳು ಒಂದೇ ತಿಕ್ಕಿಗೆ ಹೋಗುತ್ತವೆ, ತಂದು ಕೊಡಲು ಯಾರಿಂದಲೂ ಆಗದು. ಮಣ್ಣಿದ್ದರೆ ಡಿಸ್ಟಿಲ್ಡ್ ವಾಟರಿನಲ್ಲಿ ನೆನೆಸಿ, ಹತ್ತಿ ಬಟ್ಟೆಯಲ್ಲಿ ಒತ್ತಿ ನೀರು ತೆಗೆಯಿರಿ.

ಗುರುತಿನ ಜಾಗವನ್ನು ಗಡಿಯಾರದ ಮುಳ್ಳಿನ ಲೆಕ್ಕದಲ್ಲಿ ಬರೆದಿಡಿ, ಉದಾಹರಣೆಗೆ "ಹಿಂಬದಿ, 4 ಗಂಟೆ, ಅಂಚಿನಿಂದ ಅಕ್ಷರಕ್ಕೆ". ತೂಕವೂ ಬೇಕು: ರೂಪಾಯಿ 11.66 ಗ್ರಾಂ, 1835ರ ಕಾಲಾಣೆ 6.47 ಗ್ರಾಂ, ಸವೆದದ್ದು ಸ್ವಲ್ಪ ಕಡಿಮೆ. ಆಮೇಲೆ ಅದೇ ಗುರುತಿನ ಇನ್ನೊಂದು ನಾಣ್ಯ ಹುಡುಕಿ. ಉಬ್ಬುಗೆರೆ ಅದೇ ಜಾಗದಲ್ಲಿ ಎರಡನೆಯದರಲ್ಲೂ ಸಿಕ್ಕಿದರೆ ಎರಡೂ ಒಂದೇ ಅಚ್ಚಿನವು. ಅದರ ಬದಲು ಒಂದೇ ರೀತಿಯ ತಗ್ಗು ಪೆಟ್ಟು ಎರಡರಲ್ಲೂ ಒಂದೇ ಜಾಗದಲ್ಲಿದ್ದರೆ ಕೊಳ್ಳಬೇಡಿ. ಪೆಟ್ಟು ತಿಂದ ಒಂದು ಅಸಲಿ ನಾಣ್ಯದಿಂದ ಎರಕ ಹೊಯ್ದ ನಕಲಿಗಳು ಹಾಗೆ ಬರುತ್ತವೆ.