ಬಿಚ್ಚುವ ಮೊದಲು ಅಳೆಯಿರಿ: ತೆಳು ಲ್ಯಾಪ್‌ಟಾಪಿನ ಬಿಸಿ ಮತ್ತು ಥ್ರಾಟ್ಲಿಂಗ್

ಎಲ್ಲರಿಗೂ ನಮಸ್ಕಾರ. ಬಿಸಿಯಿಂದಲೋ ಬೇರೆ ಮಿತಿಯಿಂದಲೋ ಪ್ರೊಸೆಸರಿನ ವೇಗ ತಾನಾಗಿಯೇ ಇಳಿಯುವುದಕ್ಕೆ ಥ್ರಾಟ್ಲಿಂಗ್ ಎನ್ನುತ್ತಾರೆ.

2018ರ ಜುಲೈ 12ರಂದು ಆ್ಯಪಲ್ ಹೊಸ 15 ಇಂಚಿನ ಮ್ಯಾಕ್‌ಬುಕ್ ಪ್ರೊ ಬಿಡುಗಡೆ ಮಾಡಿತು. ಅದರ ದುಬಾರಿ ಮಾದರಿಯಲ್ಲಿ ಇಂಟೆಲ್‌ನ ಕೋರ್ ಐ9-8950ಎಚ್‌ಕೆ ಪ್ರೊಸೆಸರ್ ಇತ್ತು. ಆರು ಕೋರ್, ಮೂಲ ವೇಗ 2.9 ಗಿಗಾಹರ್ಟ್ಸ್, ಟರ್ಬೊದಲ್ಲಿ, ಅಂದರೆ ಅವಕಾಶ ಇದ್ದಾಗ ತಾನೇ ಏರಿಸಿಕೊಳ್ಳುವ ವೇಗದಲ್ಲಿ, 4.8ರವರೆಗೆ. ದಪ್ಪ ಮಾತ್ರ ಹಳೆಯದೇ, 15.5 ಮಿಲಿಮೀಟರ್. ಒಂದು ವಾರದೊಳಗೆ ಡೇವ್ ಲೀ ಎಂಬ ಯೂಟ್ಯೂಬ್ ವಿಮರ್ಶಕರು ಅದರಲ್ಲಿ ಅಡೋಬಿ ಪ್ರೀಮಿಯರ್ ಹಾಕಿ ಒಂದು ವಿಡಿಯೊ ರೆಂಡರ್ ಮಾಡಿದರು. ಸುಮಾರು 39 ನಿಮಿಷ ಹಿಡಿಯಿತು. ಹಿಂದಿನ ವರ್ಷದ ಐ7 ಯಂತ್ರ ಅದೇ ಕೆಲಸವನ್ನು ಸುಮಾರು 35 ನಿಮಿಷಕ್ಕೆ ಮುಗಿಸಿತ್ತು. ಆಮೇಲೆ ಹೊಸ ಯಂತ್ರವನ್ನು ಫ್ರೀಜರ್ ಒಳಗಿಟ್ಟು ಮತ್ತೆ ಓಡಿಸಿದರು. ಸುಮಾರು 27 ನಿಮಿಷಕ್ಕೆ ಮುಗಿಯಿತು.

ಇದನ್ನು ನೋಡಿದ ಯಾರೇ ಆದರೂ ಕೂಲಿಂಗ್ ಸಾಲದು ಎಂದೇ ಹೇಳುತ್ತಾರೆ. ಆದರೆ ಜುಲೈ 24ರಂದು ಆ್ಯಪಲ್ ಬೇರೆ ಮಾತು ಹೇಳಿತು: ಬಿಸಿಯನ್ನು ನಿಭಾಯಿಸುವ ಫರ್ಮ್‌ವೇರಿನಲ್ಲಿ (ಯಂತ್ರದೊಳಗೇ ಕೂತಿರುವ ತಂತ್ರಾಂಶದಲ್ಲಿ) ಒಂದು ಡಿಜಿಟಲ್ ಕೀ ಬಿಟ್ಟುಹೋಗಿದೆ, ಅದರಿಂದ ಭಾರ ಬಿದ್ದಾಗ ವೇಗ ಬೇಕಾದ್ದಕ್ಕಿಂತ ಕೆಳಗೆ ಇಳಿಯುತ್ತಿದೆ. ಮ್ಯಾಕ್‌ಓಎಸ್ ಹೈ ಸಿಯೆರಾ 10.13.6ಕ್ಕೆ ಒಂದು ಪೂರಕ ಅಪ್‌ಡೇಟ್ ಬಂತು, ವೇಗ ಸುಧಾರಿಸಿತು. ಯಂತ್ರ ಬಿಸಿಯಾಗುತ್ತಿದ್ದದ್ದು ನಿಜ. ಬಿಸಿಯಾದಾಗ ಏನು ಮಾಡಬೇಕು ಎಂಬ ಅದರ ಲೆಕ್ಕ ತಪ್ಪಿತ್ತು. ಆ ವಾರ ಯಾರಾದರೂ ಅದನ್ನು ಬಿಚ್ಚಿ ಚಿಪ್ಪಿನ ಶಾಖ ದಾಟಿಸುವ ಥರ್ಮಲ್ ಪೇಸ್ಟ್ ಬದಲಿಸಿದ್ದರೆ ಮೂಲ ತಪ್ಪು ಅಲ್ಲೇ ಉಳಿಯುತ್ತಿತ್ತು.

ಇವತ್ತು ನಾನು ಒತ್ತಿ ಹೇಳಬೇಕಾದದ್ದು ಇದೇ. ಲ್ಯಾಪ್‌ಟಾಪ್ ನಿಧಾನವಾಗುವುದಕ್ಕೆ ನಾಲ್ಕೈದು ಕಾರಣಗಳಿವೆ, ಹೊರಗಿನಿಂದ ನೋಡಿದರೆ ಎಲ್ಲವೂ ಒಂದೇ ಥರ ಕಾಣುತ್ತವೆ. ಯಾವುದೆಂದು ಪ್ರೊಸೆಸರೇ ದಾಖಲಿಸಿ ಇಟ್ಟುಕೊಂಡಿರುತ್ತದೆ. ಅದನ್ನು ಓದದೆ ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳಬಾರದು.

ಮೊದಲು ಬಿಸಿ ಎಲ್ಲಿಂದ ಬರುತ್ತದೆ ನೋಡೋಣ. ಚಿಪ್ ಉಪಯೋಗಿಸುವ ವಿದ್ಯುತ್ತು ಪೂರ್ತಿ ಶಾಖವಾಗಿಯೇ ಹೊರಬರುತ್ತದೆ. 45 ವ್ಯಾಟ್ ಒಳಗೆ ಹೋದರೆ 45 ವ್ಯಾಟ್ ಶಾಖ. ಈ ವ್ಯಾಟ್ ವೇಗದ ಜೊತೆಗೂ ವೋಲ್ಟೇಜಿನ ವರ್ಗದ ಜೊತೆಗೂ ಏರುತ್ತದೆ. ವೇಗ ಹೆಚ್ಚಬೇಕಾದರೆ ವೋಲ್ಟೇಜೂ ಹೆಚ್ಚಬೇಕು, ಹಾಗಾಗಿ ಹೊಡೆತ ಎರಡು ಕಡೆಯಿಂದ. ವೇಗವನ್ನೂ ವೋಲ್ಟೇಜನ್ನೂ ತಲಾ ಶೇ 10 ಇಳಿಸಿ ನೋಡಿ: 0.9ನ್ನು ಮೂರು ಸಲ ಗುಣಿಸಿದರೆ 0.73. ಅಂದರೆ ಶೇ 10 ವೇಗ ಬಿಟ್ಟುಕೊಟ್ಟರೆ ಶೇ 27 ಶಾಖ ಕಡಿಮೆ. ತೆಳು ಲ್ಯಾಪ್‌ಟಾಪಿನಲ್ಲಿ ಮಾಡುವ ಉಪಾಯಗಳಲ್ಲಿ ಅರ್ಧಕ್ಕರ್ಧ ಈ ಲೆಕ್ಕದ ಮೇಲೆ ನಿಂತಿವೆ.

ಇನ್ನು ಶಾಖ ಹೊರಹೋಗುವ ದಾರಿ. ಚಿಪ್, ಅದರ ಮೇಲೆ ಪೇಸ್ಟ್, ಪೇಸ್ಟಿನ ಮೇಲೆ ತಾಮ್ರದ ತಟ್ಟೆ, ತಟ್ಟೆಗೆ ಬೆಸೆದ ಹೀಟ್ ಪೈಪ್, ಪೈಪಿನ ತುದಿಯಲ್ಲಿ ಕಾಗದದಷ್ಟು ತೆಳ್ಳಗಿನ ಲೋಹದ ರೆಕ್ಕೆಗಳ ಸಾಲು, ರೆಕ್ಕೆಗಳ ನಡುವೆ ಗಾಳಿ ನೂಕುವ ಫ್ಯಾನ್. ಹೀಟ್ ಪೈಪ್ ಗಟ್ಟಿ ಕಂಬಿಯಲ್ಲ, ಟೊಳ್ಳು. ಒಳಗಿನ ಗಾಳಿ ತೆಗೆದು ಕೆಲವು ಹನಿ ನೀರು ಬಿಟ್ಟು ಮುಚ್ಚಿರುತ್ತಾರೆ. ಬಿಸಿ ತುದಿಯಲ್ಲಿ ನೀರು ಆವಿಯಾಗುತ್ತದೆ, ತಂಪು ತುದಿಗೆ ಹೋಗಿ ಮತ್ತೆ ನೀರಾಗುತ್ತದೆ, ಒಳಗೋಡೆಯ ಬತ್ತಿಯಂಥ ಪದರದ ಮೂಲಕ ಹಿಂದಕ್ಕೆ ಹರಿಯುತ್ತದೆ. ಯಂತ್ರ ತೆಳ್ಳಗಾದಷ್ಟೂ ಈ ಕೊಳವೆಯನ್ನು ಹೆಚ್ಚು ಚಪ್ಪಟೆ ಮಾಡಬೇಕು. ಚಪ್ಪಟೆ ಮಾಡಿದಷ್ಟೂ ಆವಿಗೆ ಓಡಾಡಲು ಜಾಗ ಕಡಿಮೆ.

ಗಾಳಿಯ ಲೆಕ್ಕ ಇನ್ನೂ ಬಿಗಿ. ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಸೇರಿ 60 ವ್ಯಾಟ್ ಎಂದುಕೊಳ್ಳಿ. ಒಳಬಂದ ಗಾಳಿ 20 ಡಿಗ್ರಿ ಬಿಸಿಯಾಗಿ ಹೊರಹೋಗಲಿ ಎಂದರೆ ಸೆಕೆಂಡಿಗೆ ಸುಮಾರು ಎರಡೂವರೆ ಲೀಟರ್ ಗಾಳಿ ಆ ರೆಕ್ಕೆಗಳ ಸಂದಿಯಲ್ಲಿ ಹಾಯಬೇಕು. ಧೂಳು ತುಂಬಿ ಹರಿವು ಅರ್ಧಕ್ಕೆ ಇಳಿದರೆ ಅದೇ 60 ವ್ಯಾಟ್‌ಗೆ ಗಾಳಿ 40 ಡಿಗ್ರಿ ಬಿಸಿಯಾಗುತ್ತದೆ. ಆ ಹೆಚ್ಚುವರಿ 20 ಡಿಗ್ರಿಯನ್ನು ಚಿಪ್ಪೇ ಹೊರಬೇಕು.

ಕೋಣೆಯ ಉಷ್ಣತೆಯನ್ನು ಬಹಳ ಜನ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದು ನೇರವಾಗಿ ಕೂಡಿಕೊಳ್ಳುತ್ತದೆ. 28 ಡಿಗ್ರಿ ಕೋಣೆಯಲ್ಲಿ 45 ವ್ಯಾಟ್ ಎಳೆಯುವಾಗ ಸರಿಯಾಗಿ 100 ಡಿಗ್ರಿ ಮುಟ್ಟುವ ಯಂತ್ರ ಇದೆ ಎನ್ನಿ. 72 ಡಿಗ್ರಿಯ ಅಂತರವನ್ನು 45ರಿಂದ ಭಾಗಿಸಿದರೆ ವ್ಯಾಟ್‌ಗೆ 1.6 ಡಿಗ್ರಿ. ಅದೇ ಯಂತ್ರವನ್ನು ಮೇ ತಿಂಗಳಲ್ಲಿ ಕಲಬುರಗಿಯ ಎ.ಸಿ. ಇಲ್ಲದ 40 ಡಿಗ್ರಿ ಕೋಣೆಯಲ್ಲಿಡಿ. ಉಳಿದ ಅಂತರ 60 ಡಿಗ್ರಿ, ಅಂದರೆ 37.5 ವ್ಯಾಟ್‌ಗೇ ಮಿತಿ. ಯಂತ್ರ ಕೆಟ್ಟಿಲ್ಲ, ಪೇಸ್ಟ್ ಒಣಗಿಲ್ಲ, ಆದರೂ ಏಳೂವರೆ ವ್ಯಾಟ್ ಹೋಯಿತು. ಅದಕ್ಕೇ ಯಾವ ಪರೀಕ್ಷೆ ಮಾಡಿದರೂ ಕೋಣೆಯ ಉಷ್ಣತೆಯನ್ನು ಪಕ್ಕದಲ್ಲೇ ಬರೆದಿಡಿ. ಡಿಸೆಂಬರಿನ ಅಂಕಿಯನ್ನು ಏಪ್ರಿಲಿನ ಅಂಕಿಯ ಜೊತೆ ಹೋಲಿಸಿದರೆ ಏನೂ ತಿಳಿಯುವುದಿಲ್ಲ.

ಮೊದಲ ಅರ್ಧ ನಿಮಿಷ ಎಲ್ಲ ಲ್ಯಾಪ್‌ಟಾಪೂ ಚುರುಕಾಗಿಯೇ ಓಡುತ್ತದೆ. ಕೆರೆ ಖಾಲಿ ಇರುವಾಗ ತೂಬು ಎಷ್ಟು ಚಿಕ್ಕದಾದರೂ ಗೊತ್ತಾಗುವುದಿಲ್ಲ, ಬಂದ ನೀರೆಲ್ಲ ಒಳಗೆ ಹಿಡಿಯುತ್ತದೆ. ಕೆರೆ ತುಂಬಿದ ಮೇಲೆ ತೂಬಿನ ಅಳತೆಯೇ ಲೆಕ್ಕ. ಇಲ್ಲಿ ಕೆರೆ ಎಂದರೆ ತಾಮ್ರ ಮತ್ತು ಅಲ್ಯೂಮಿನಿಯಂ ಮೈ. ಇಂಟೆಲ್ ಈ ಸಂಗತಿಯನ್ನೇ ಎರಡು ಮಿತಿಗಳಾಗಿ ಬರೆದಿದೆ. ಪಿಎಲ್2 ಎಂಬುದು ಸ್ವಲ್ಪ ಹೊತ್ತಿನ ಮಿತಿ, ತಯಾರಕರು 60, 80, ಕೆಲವೊಮ್ಮೆ 100 ವ್ಯಾಟ್ ದಾಟಿಸಿಯೂ ಇಡುತ್ತಾರೆ. ಪಿಎಲ್1 ದೀರ್ಘಕಾಲದ ಮಿತಿ, ಹೆಚ್ಚು ಶಕ್ತಿಯ ಲ್ಯಾಪ್‌ಟಾಪ್ ಚಿಪ್‌ಗಳಾದ ಎಚ್ ಸರಣಿಯಲ್ಲಿ ಹೆಚ್ಚಾಗಿ 45. ಮೊದಲನೆಯದರಿಂದ ಎರಡನೆಯದಕ್ಕೆ ಇಳಿಯುವ ಸಮಯವನ್ನು ಟೌ ಎನ್ನುತ್ತಾರೆ, ಸಾಮಾನ್ಯವಾಗಿ 28 ಸೆಕೆಂಡ್ ಇಟ್ಟಿರುವುದು ಕಾಣುತ್ತದೆ. 28 ಸೆಕೆಂಡ್ ಆದಮೇಲೆ ವೇಗ ಇಳಿದರೆ ಅದು ದೋಷವಲ್ಲ, ವಿನ್ಯಾಸ.

ಈಗ ಪರೀಕ್ಷೆ. ಆರಂಭಿಸುವ ಮೊದಲು ಯಂತ್ರವನ್ನು ಮುಚ್ಚಿ ಸಮತಟ್ಟಾದ ಮೇಜಿನ ಮೇಲಿಡಿ. ಅಲ್ಲಾಡುತ್ತಿದ್ದರೆ, ಟಚ್‌ಪ್ಯಾಡ್ ಮೇಲೆದ್ದಿದ್ದರೆ ಅಥವಾ ಒತ್ತಿದರೆ ಕ್ಲಿಕ್ ಆಗದಿದ್ದರೆ ಬ್ಯಾಟರಿ ಉಬ್ಬಿರಬಹುದು. ಅಂಥ ಯಂತ್ರದ ಮೇಲೆ ಭಾರ ಹಾಕಬೇಡಿ, ಚಾರ್ಜರ್ ತೆಗೆಯಿರಿ, ಬ್ಯಾಟರಿ ಬದಲಿಸುವವರೆಗೆ ಬೇರೆ ಕೆಲಸ ಬೇಡ.

ಬ್ಯಾಟರಿ ಸರಿಯಿದ್ದರೆ ಕಂಪನಿಯ ಮೂಲ ಅಡಾಪ್ಟರ್ ಹಾಕಿ. ವಿಂಡೋಸ್‌ನಲ್ಲಿ ಎಚ್‌ಡಬ್ಲ್ಯುಇನ್ಫೊ ಎಂಬ ಅಳತೆಯ ತಂತ್ರಾಂಶ ತೆರೆದು ನಾಲ್ಕು ಸಾಲುಗಳನ್ನು ಕಣ್ಣೆದುರಿಗೆ ಇಟ್ಟುಕೊಳ್ಳಿ: ಪ್ರತಿ ಕೋರ್‌ನ ಉಷ್ಣತೆ, ಪ್ಯಾಕೇಜ್ ಪವರ್ (ಇಡೀ ಚಿಪ್ ಎಳೆಯುವ ವ್ಯಾಟ್), ಕೋರ್‌ಗಳ ವೇಗ, ಮತ್ತು ಮಿತಿಗೆ ಕಾರಣ ಹೇಳುವ ಸಾಲು. ಇಂಟೆಲ್ ಯಂತ್ರವಾದರೆ ಥ್ರಾಟಲ್‌ಸ್ಟಾಪ್ ತಂತ್ರಾಂಶದ ಲಿಮಿಟ್ಸ್ ಕಿಟಕಿ ಇದನ್ನು ಇನ್ನೂ ಸ್ಪಷ್ಟವಾಗಿ ತೋರಿಸುತ್ತದೆ. ಲಿನಕ್ಸ್‌ನಲ್ಲಿ ಟರ್ಬೊಸ್ಟ್ಯಾಟ್ ಇದೆ. ಪ್ರೊಸೆಸರ್ ಮೇಲೆ ಪೂರ್ತಿ ಭಾರ ಹಾಕುವ ಸಿನೆಬೆಂಚ್ ಆರ್23 ಎಂಬ ಪರೀಕ್ಷೆಯನ್ನು ಹತ್ತು ನಿಮಿಷ ಓಡಿಸಿ, ಹತ್ತನೆಯ ನಿಮಿಷದ ಅಂಕಿಗಳನ್ನು ಬರೆದುಕೊಳ್ಳಿ.

ಉಷ್ಣತೆ 95ರಿಂದ 100ರಲ್ಲಿ ನಿಂತು ವ್ಯಾಟ್ ಕೆಳಗಿಳಿಯುತ್ತಾ ಬಂದರೆ ತೂಬು ಸಾಲದು: ಧೂಳು, ಫ್ಯಾನ್, ಪೇಸ್ಟ್. ಯಂತ್ರ ಬಿಚ್ಚುವುದಕ್ಕೆ ಇದು ಸರಿಯಾದ ಕಾರಣ. ಉಷ್ಣತೆ 75ರ ಆಸುಪಾಸಿನಲ್ಲಿದ್ದು ವ್ಯಾಟ್ 35 ಅಥವಾ 45ಕ್ಕೆ ಗೆರೆ ಎಳೆದಂತೆ ನಿಂತರೆ ಅದು ಪವರ್ ಮಿತಿ. ಎಂಥ ದುಬಾರಿ ಪೇಸ್ಟ್ ಹಾಕಿದರೂ ವೇಗದಲ್ಲಿ ವ್ಯತ್ಯಾಸ ಕಾಣುವುದು ಕಷ್ಟ. ತಯಾರಕರ ತಂತ್ರಾಂಶದಲ್ಲಿ ಪರ್ಫಾರ್ಮೆನ್ಸ್ ಮೋಡ್ ಆಗಿದೆಯೇ ನೋಡಿ. ಕೆಲವು ಯಂತ್ರಗಳು ಅಂಗೈ ಇಡುವ ಜಾಗ ಕೈಸುಡದಿರಲಿ ಎಂದೇ ವ್ಯಾಟ್ ಇಳಿಸುತ್ತವೆ, ಅದೂ ಇದೇ ಗುಂಪಿಗೆ ಸೇರಿದ್ದು.

ಮೂರನೆಯದು ಜನರನ್ನು ಅತಿ ಹೆಚ್ಚು ದಾರಿ ತಪ್ಪಿಸುವಂಥದ್ದು. ಚಿಪ್ 50 ಡಿಗ್ರಿಯಲ್ಲಿ ತಣ್ಣಗಿದೆ, ವೇಗ ಮಾತ್ರ 0.8 ಗಿಗಾಹರ್ಟ್ಸ್‌ಗೋ 0.4ಕ್ಕೋ ಅಂಟಿಕೊಂಡಿದೆ. ಇದು 'ಬಿ.ಡಿ. ಪ್ರೊಕ್‌ಹಾಟ್' (BD PROCHOT) ಎಂಬ ಸಂಕೇತ. ಬೋರ್ಡಿನ ಬೇರೊಂದು ಭಾಗ ಪ್ರೊಸೆಸರ್‌ಗೆ 'ನಿಧಾನಿಸು' ಎಂದು ಹೇಳುತ್ತಿದೆ. ಹೇಳುವವರು ಹೆಚ್ಚಾಗಿ ಇಬ್ಬರು. ಒಂದು, ಅಡಾಪ್ಟರ್ ಗುರುತು ಸಿಗದಿರುವುದು. ಡೆಲ್‌ನ ದುಂಡು ಪಿನ್ನಿನ ಚಾರ್ಜರ್ ನಡುವೆ ಸೂಜಿಯಂಥ ಸಣ್ಣ ಕಡ್ಡಿ ಇರುತ್ತದೆ. ತಾನು ಎಷ್ಟು ವ್ಯಾಟ್‌ನ ಅಡಾಪ್ಟರ್ ಎಂದು ಅದರ ಮೂಲಕವೇ ಹೇಳಿಕೊಳ್ಳುವುದು. ಆ ಕಡ್ಡಿ ಬಾಗಿದರೆ, ಮುರಿದರೆ, ವೈರ್ ಒಳಗೆ ತುಂಡಾದರೆ ಯಂತ್ರ ಅಡಾಪ್ಟರನ್ನು ನಂಬುವುದಿಲ್ಲ, ಬ್ಯಾಟರಿ ಚಾರ್ಜ್ ನಿಲ್ಲಿಸಿ ವೇಗವನ್ನು ನೆಲಕ್ಕಿಳಿಸುತ್ತದೆ. 130 ವ್ಯಾಟ್ ಬೇಕಾದ ಯಂತ್ರಕ್ಕೆ 65 ವ್ಯಾಟ್‌ನ ಟೈಪ್-ಸಿ ಚಾರ್ಜರ್ ಹಾಕಿದರೂ ವೇಗ ಕುಗ್ಗುತ್ತದೆ. ಮದರ್‌ಬೋರ್ಡ್ ಹೋಯಿತು ಎನ್ನುವ ಮೊದಲು ಇನ್ನೊಂದು ಮೂಲ ಅಡಾಪ್ಟರ್ ಹಾಕಿ ನೋಡಿ, ಒಂದು ನಿಮಿಷದ ಕೆಲಸ.

ಇನ್ನೊಬ್ಬರು ವಿಆರ್‌ಎಂ. ಪ್ರೊಸೆಸರ್ ಪಕ್ಕದಲ್ಲಿ ಸಾಲಾಗಿ ಕೂತಿರುವ ಮಾಸ್‌ಫೆಟ್‌ಗಳು, ಅಡಾಪ್ಟರಿನಿಂದ ಬರುವ ಸುಮಾರು 19 ವೋಲ್ಟನ್ನು ಒಂದು ವೋಲ್ಟಿನ ಆಸುಪಾಸಿಗೆ ಇಳಿಸುವ ಭಾಗ. ಡೆಲ್‌ನ ಎಕ್ಸ್‌ಪಿಎಸ್ 15ರ 9550, 9560 ಮಾದರಿಗಳಲ್ಲಿ ಇದು ಹೆಸರುವಾಸಿಯಾದ ಸಮಸ್ಯೆ. ಮಾಸ್‌ಫೆಟ್‌ಗಳ ಮೇಲೆ ಹೀಟ್‌ಸಿಂಕ್ ಇಲ್ಲ. ಪ್ರೊಸೆಸರ್ 80 ಡಿಗ್ರಿಯಲ್ಲಿರುವಾಗಲೇ ಇವು ಕಾದು ಯಂತ್ರವನ್ನು ನಿಧಾನಿಸುತ್ತಿದ್ದವು. ಬಳಕೆದಾರರು ಕಂಡುಕೊಂಡ ಪರಿಹಾರ, ಅವುಗಳ ಮೇಲೆ ಶಾಖ ದಾಟಿಸುವ ಮೆತ್ತನೆಯ ಥರ್ಮಲ್ ಪ್ಯಾಡ್ ಇಟ್ಟು ಕೆಳಗಿನ ಅಲ್ಯೂಮಿನಿಯಂ ಮುಚ್ಚಳಕ್ಕೆ ತಾಗಿಸುವುದು. ಅಲ್ಲಿಂದ ಮುಚ್ಚಳ ಬಿಸಿಯಾಗುತ್ತದೆ, ಆಮೇಲೆ ತೊಡೆಯ ಮೇಲಿಟ್ಟುಕೊಳ್ಳಲು ಆಗುವುದಿಲ್ಲ.

ಮ್ಯಾಕ್‌ನಲ್ಲಿ ಆ್ಯಕ್ಟಿವಿಟಿ ಮಾನಿಟರ್ ತೆರೆದಾಗ ಕರ್ನಲ್‌ಟಾಸ್ಕ್ ಎಂಬ ಮ್ಯಾಕ್‌ಓಎಸ್‌ನದೇ ಕೆಲಸ ತುಂಬಾ ಸಿಪಿಯು ತಿನ್ನುತ್ತಿರುವಂತೆ ಕಂಡರೆ ಗಾಬರಿಯಾಗಬೇಡಿ. ಪ್ರೊಸೆಸರನ್ನು ಬೇರೆ ಕೆಲಸಗಳಿಗೆ ಸಿಗದಂತೆ ಹಿಡಿದಿಟ್ಟು ತಂಪಾಗಲು ಬಿಡುವ ವಿಧಾನ ಅದು.

ಬಿಚ್ಚಬೇಕೆಂದು ಖಚಿತವಾಯಿತು ಎನ್ನಿ. ಹಿಂಬದಿ ಮುಚ್ಚಳ ತೆಗೆದ ತಕ್ಷಣ ಬ್ಯಾಟರಿ ಕನೆಕ್ಟರ್ ಕಳಚಿ, ಬೇರೆಲ್ಲ ಆಮೇಲೆ. ಫ್ಯಾನನ್ನು ಕಳಚಿ ಬೆಳಕಿಗೆ ಹಿಡಿದು, ಅದು ಗಾಳಿ ಊದುವ ಬಾಯಿಗೂ ರೆಕ್ಕೆಗಳಿಗೂ ನಡುವೆ ನೋಡಿ. ಎರಡು ವರ್ಷ ಓಡಿದ ಯಂತ್ರದಲ್ಲಿ ಧೂಳು, ಕೂದಲು, ಬಟ್ಟೆಯ ನಾರು ಸೇರಿ ಕಂಬಳಿಯ ತುಂಡಿನಂತೆ ಒಂದು ಪಟ್ಟಿ ಕೂತಿರುತ್ತದೆ. ಅಡುಗೆಮನೆಯ ಹತ್ತಿರ ಇಟ್ಟ ಯಂತ್ರದಲ್ಲಿ ಎಣ್ಣೆ ಜಿಡ್ಡು ಸೇರಿ ಅದು ಇನ್ನೂ ಗಟ್ಟಿ. ಚಿಮಟದಿಂದ ಎಳೆದರೆ ಇಡಿಯಾಗಿ ಬರುತ್ತದೆ. ಹೊರಗಿನಿಂದ ಬ್ಲೋವರ್ ಹಿಡಿದರೆ ಈ ಪಟ್ಟಿ ಬರುವುದಿಲ್ಲ, ಹಿಂದಕ್ಕೆ ಸರಿದು ಮತ್ತೆ ಬಂದು ಅಂಟಿಕೊಳ್ಳುತ್ತದೆ. ಗಾಳಿ ಊದುವಾಗ ಫ್ಯಾನ್ ಎಲೆಗಳನ್ನು ಬೆರಳಲ್ಲಿ ಹಿಡಿದುಕೊಳ್ಳಿ, ಬಿಟ್ಟರೆ ಮಿತಿಮೀರಿ ತಿರುಗಿ ಬೇರಿಂಗ್ ಹಾಳಾಗುತ್ತದೆ.

ಹೀಟ್‌ಸಿಂಕ್ ತೆಗೆಯಬೇಕಾಗುವುದು ಕೋರ್‌ಗಳ ನಡುವೆ ಹತ್ತು ಡಿಗ್ರಿಗಿಂತ ಹೆಚ್ಚು ಅಂತರವಿದ್ದರೆ ಅಥವಾ ಧೂಳು ತೆಗೆದರೂ ಗುಣ ಕಾಣದಿದ್ದರೆ. ಹಳೆಯ ಪೇಸ್ಟನ್ನು ಶೇ 99ರ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ. ಲ್ಯಾಪ್‌ಟಾಪಿನ ಚಿಪ್ ಮೇಲೆ ಲೋಹದ ಟೋಪಿ ಇರುವುದಿಲ್ಲ, ಬರಿಯ ಸಿಲಿಕಾನ್. ಕಾಯ್ದು ತಣಿಯುವಾಗ ಹಿಗ್ಗಿ ಕುಗ್ಗಿ ತೆಳು ಪೇಸ್ಟನ್ನು ಅಂಚಿಗೆ ನೂಕುತ್ತದೆ. ಡೆಸ್ಕ್‌ಟಾಪಿನಲ್ಲಿ ಐದು ವರ್ಷ ಬಾಳುವ ಪೇಸ್ಟ್ ಇಲ್ಲಿ ತಿಂಗಳುಗಳಲ್ಲಿ ಸೋಲುವುದು ಇದರಿಂದ. ಹನಿವೆಲ್‌ನ ಪಿಟಿಎಂ7950 ಹಾಳೆ ನಮ್ಮ ಮಟ್ಟಿಗೆ ಉತ್ತಮ ಆಯ್ಕೆ. ಕೋಣೆಯ ಉಷ್ಣತೆಯಲ್ಲಿ ಘನ, 45 ಡಿಗ್ರಿ ಸುಮಾರಿಗೆ ಮೆದುವಾಗಿ ಸಂದಿ ತುಂಬಿಕೊಳ್ಳುತ್ತದೆ, ಹೊರಹರಿಯುವುದಿಲ್ಲ. ಕೆಲವು ನಿಮಿಷ ಫ್ರಿಜ್‌ನಲ್ಲಿಟ್ಟು ತೆಗೆದರೆ ಎರಡೂ ಬದಿಯ ಪ್ಲಾಸ್ಟಿಕ್ ಸಲೀಸಾಗಿ ಬಿಡುತ್ತದೆ. ಚಿಪ್‌ಗಿಂತ ಕೂದಲೆಳೆಯಷ್ಟು ದೊಡ್ಡದಾಗಿ ಕತ್ತರಿಸಿ. ಲಿಕ್ವಿಡ್ ಮೆಟಲ್ ಬೇಡ. ಅದರಲ್ಲಿರುವ ಗ್ಯಾಲಿಯಂ ಅಲ್ಯೂಮಿನಿಯಮನ್ನು ತಿನ್ನುತ್ತದೆ, ವಿದ್ಯುತ್ ಹಾಯಿಸುತ್ತದೆ, ಒಂದು ಹನಿ ಜಾರಿದರೂ ಬೋರ್ಡ್ ಸುಡಬಹುದು.

ಅತಿ ಸಾಮಾನ್ಯ ತಪ್ಪು ಪ್ಯಾಡಿನ ದಪ್ಪದ್ದು. ಹರಿದ 0.5 ಮಿಲಿಮೀಟರ್ ಪ್ಯಾಡಿನ ಜಾಗಕ್ಕೆ ಕೈಗೆ ಸಿಕ್ಕ 1 ಮಿಲಿಮೀಟರಿನದನ್ನು ಹಾಕಿದರೆ ತಾಮ್ರದ ತಟ್ಟೆ ಅಲ್ಲಿ ಎತ್ತಿಕೊಳ್ಳುತ್ತದೆ, ಚಿಪ್‌ಗೆ ತಾಗುವುದೇ ಇಲ್ಲ. ಪೇಸ್ಟ್ ಹಾಕಿದ ಮೇಲೆ ಮೊದಲಿಗಿಂತ ಬಿಸಿ ಹೆಚ್ಚಾಯಿತು ಎಂಬ ದೂರು ಬಂದರೆ ಮೊದಲು ಇದನ್ನು ನೋಡಿ. ಸ್ಕ್ರೂಗಳ ಪಕ್ಕ 1, 2, 3, 4 ಎಂದು ಬರೆದಿರುತ್ತದೆ. ಆ ಕ್ರಮದಲ್ಲೇ, ಪ್ರತಿಯೊಂದನ್ನೂ ಸ್ವಲ್ಪ ಸ್ವಲ್ಪವೇ ಬಿಗಿಸಿ.

ಬಿಚ್ಚದೆ ಮಾಡುವ ಕೆಲಸಗಳೂ ಇವೆ. ಹಾಸಿಗೆ, ಕೌದಿಯ ಮೇಲೆ ಇಡಬೇಡಿ, ತಳದಲ್ಲಿ ಗಾಳಿಕಿಂಡಿ ಇರುವ ಯಂತ್ರವಾದರೆ ಹಿಂಬದಿಯನ್ನು ಎರಡು ಸೆಂಟಿಮೀಟರ್ ಎತ್ತಿಡಿ. ವಿಂಡೋಸ್‌ನ ಪವರ್ ಸೆಟ್ಟಿಂಗಿನಲ್ಲಿ ಪ್ರೊಸೆಸರಿನ ಗರಿಷ್ಠ ಮಟ್ಟವನ್ನು 100ರಿಂದ 99ಕ್ಕೆ ಇಳಿಸಿದರೆ ಟರ್ಬೊ ನಿಲ್ಲುತ್ತದೆ. ಬರವಣಿಗೆ, ಬ್ರೌಸರ್‌ಗೆ ಅಷ್ಟು ಸಾಕು. ಅಂಡರ್‌ವೋಲ್ಟಿಂಗ್, ಅಂದರೆ ವೇಗ ಬಿಡದೆ ವೋಲ್ಟೇಜ್ ಮಾತ್ರ ಇಳಿಸುವುದು, ಎಲ್ಲಕ್ಕಿಂತ ಒಳ್ಳೆಯ ಉಪಾಯವಾಗಿತ್ತು. ಮೈನಸ್ 50 ಮಿಲಿವೋಲ್ಟಿನಿಂದ ಆರಂಭಿಸಿ ಹತ್ತು ಹತ್ತು ಇಳಿಸುತ್ತಾ, ಯಂತ್ರ ಹ್ಯಾಂಗ್ ಆದ ಜಾಗದಿಂದ 20 ಹಿಂದೆ ಬಂದು ನಿಲ್ಲುವುದು ಕ್ರಮ. 2019ರ ಡಿಸೆಂಬರಿನಲ್ಲಿ ಪ್ಲಂಡರ್‌ವೋಲ್ಟ್ ಎಂಬ ಭದ್ರತಾ ಲೋಪ ಬಯಲಾಯಿತು. ವೋಲ್ಟೇಜ್ ಬೇಕೆಂದೇ ಇಳಿಸಿ ಪ್ರೊಸೆಸರಿನ ಲೆಕ್ಕ ತಪ್ಪಿಸಿ, ಅದರೊಳಗಿನ ಸುರಕ್ಷಿತ ವಲಯದ ಗುಟ್ಟು ಕದಿಯುವ ದಾಳಿ ಅದು. ಅದಾದ ಮೇಲೆ ತಯಾರಕರು ಬಯೊಸ್ (ಯಂತ್ರವನ್ನು ಆರಂಭಿಸುವ ಫರ್ಮ್‌ವೇರ್) ಅಪ್‌ಡೇಟ್ ಮೂಲಕ ಈ ಬಾಗಿಲನ್ನು ಮುಚ್ಚತೊಡಗಿದರು. ನಿಮ್ಮ ಯಂತ್ರದಲ್ಲಿ ಆ ಆಯ್ಕೆ ಮಂಕಾಗಿ ಕಂಡರೆ ಕಾರಣ ಹೆಚ್ಚಾಗಿ ಇದೇ. ಆಗ ಪಿಎಲ್1ನ್ನು ನೀವೇ ಐದು ವ್ಯಾಟ್ ಇಳಿಸಿ. ಏರಿಳಿತ ನಿಂತು ವೇಗ ಒಂದೇ ಸಮ ಸಿಗುತ್ತದೆ, ಫ್ಯಾನಿನ ಸದ್ದೂ ತಗ್ಗುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ ಕೆಲವು ಯಂತ್ರಗಳು ಬಗ್ಗುವುದಿಲ್ಲ, ಏಕೆಂದರೆ ಪೆಟ್ಟಿಗೆಯೇ ಚಿಕ್ಕದು. 2019ರ ನವೆಂಬರಿನಲ್ಲಿ ಆ್ಯಪಲ್ 16 ಇಂಚಿನ ಮ್ಯಾಕ್‌ಬುಕ್ ಪ್ರೊ ತಂದಾಗ ದಪ್ಪ 15.5ರಿಂದ 16.2 ಮಿಲಿಮೀಟರ್‌ಗೆ ಏರಿತ್ತು, ತೂಕ 1.83ರಿಂದ 2 ಕಿಲೋಗೆ. ಹೀಟ್‌ಸಿಂಕ್ ಶೇ 35 ದೊಡ್ಡದು, ಗಾಳಿಯ ಹರಿವು ಶೇ 28 ಹೆಚ್ಚು, ಸತತ ಭಾರದಲ್ಲಿ 12 ವ್ಯಾಟ್‌ವರೆಗೆ ಹೆಚ್ಚು ತಾಳುತ್ತದೆ ಎಂದು ಕಂಪನಿಯೇ ಹೇಳಿತು. ಹಾಗಾಗಿ ಹೊಸ ಲ್ಯಾಪ್‌ಟಾಪ್ ಕೊಳ್ಳುವಾಗ ಡಬ್ಬದ ಮೇಲಿನ ಟರ್ಬೊ ಅಂಕಿಯನ್ನು ಬಿಡಿ. ಹತ್ತು ನಿಮಿಷ ಓಡಿದ ಮೇಲೆ ಎಷ್ಟು ವ್ಯಾಟ್‌ನಲ್ಲಿ ನಿಲ್ಲುತ್ತದೆ ಎಂದು ಅಳೆದು ಬರೆದ ವಿಮರ್ಶೆ ಹುಡುಕಿ. ಅದೇ ಐ7 ಒಂದು ಪೆಟ್ಟಿಗೆಯಲ್ಲಿ 30 ವ್ಯಾಟ್‌ಗೆ ನಿಂತರೆ ಇನ್ನೊಂದರಲ್ಲಿ 60ಕ್ಕೆ ನಿಲ್ಲಬಹುದು, ಅಂಗಡಿಯ ಚೀಟಿಯಲ್ಲಿ ಎರಡರ ಹೆಸರೂ ಒಂದೇ ಇರುತ್ತದೆ.