ರೊಂಗೊರೊಂಗೊ ಹಲಗೆಗಳಲ್ಲಿ ಸೂರ್ಯನನ್ನು ಹುಡುಕುವ ಬಗೆ

ಕೇಳುಗರೆಲ್ಲರಿಗೂ ನಮಸ್ಕಾರ.

ಇಂದಿನವರೆಗೂ ಯಾರಿಂದಲೂ ಓದಲಾಗದ ಒಂದು ಲಿಪಿಯ ಬಗ್ಗೆ, ಅದರಲ್ಲಿಯೂ ಆ ಲಿಪಿಯಲ್ಲಿ ಸೂರ್ಯನ ಪಂಚಾಂಗ ಅಡಗಿದೆ ಎಂದು ಮತ್ತೆ ಮತ್ತೆ ಕೇಳಿಬರುವ ಮಾತಿನ ಬಗ್ಗೆ, ಈ ಹೊತ್ತು ನಿಮ್ಮೊಡನೆ ಕೆಲವು ವಿಚಾರಗಳನ್ನು ಹಂಚಿಕೊಳ್ಳುತ್ತೇನೆ. ಪೆಸಿಫಿಕ್ ಸಾಗರದಲ್ಲಿ, ಚಿಲಿ ದೇಶದ ಕರಾವಳಿಯಿಂದ ಸುಮಾರು 3,500 ಕಿಲೊಮೀಟರ್ ದೂರದಲ್ಲಿ, ರಾಪಾ ನುಯಿ ಎಂಬ ಪುಟ್ಟ ದ್ವೀಪವಿದೆ. ಈಸ್ಟರ್ ದ್ವೀಪ ಎಂದರೆ ನಿಮಗೆ ಬೇಗ ನೆನಪಾದೀತು. ಅಲ್ಲಿನ ಭಾರಿ ಕಲ್ಲಿನ ವಿಗ್ರಹಗಳ ಚಿತ್ರವನ್ನು ಎಲ್ಲಿಯಾದರೂ ನೋಡಿರುತ್ತೀರಿ. ಆ ದ್ವೀಪದ ಪಾಲಿನೇಷ್ಯನ್ ಜನರು ಮರದ ಹಲಗೆಗಳ ಮೇಲೆ ಕೊರೆದ ಬರಹಕ್ಕೆ ರೊಂಗೊರೊಂಗೊ ಎಂದು ಹೆಸರು. ಸುಮಾರು ಒಂದು ಸೆಂಟಿಮೀಟರ್ ಎತ್ತರದ ಚಿಹ್ನೆಗಳು. ಮನುಷ್ಯ, ಹಕ್ಕಿ, ಮೀನು, ಗಿಡ, ಅರ್ಧಚಂದ್ರ, ಕಿರಣ ಚಾಚಿದ ಚಕ್ರ. ಹೀಗೆ ಬರೆದ ವಸ್ತುಗಳಲ್ಲಿ ಇಂದು ಉಳಿದಿರುವುದು ಹೆಚ್ಚೆಂದರೆ ಎರಡು ಡಜನ್ನಿನ ಆಸುಪಾಸು, ಅವೂ ದ್ವೀಪದಲ್ಲಿಲ್ಲ, ರೋಮ್, ಸ್ಯಾಂಟಿಯಾಗೊ, ಲಂಡನ್, ಸೇಂಟ್ ಪೀಟರ್ಸ್‌ಬರ್ಗ್ ಮುಂತಾದ ಊರುಗಳ ಸಂಗ್ರಹಾಲಯಗಳಲ್ಲಿ ಚದುರಿಹೋಗಿವೆ.

ಕಿರಣ ಚಾಚಿದ ಆ ಚಕ್ರವನ್ನು ಕಂಡ ಕೂಡಲೇ ನೋಡುವವರ ಬಾಯಲ್ಲಿ ಬರುವ ಮೊದಲ ಮಾತು ಸೂರ್ಯ ಎಂಬುದು. ಸೂರ್ಯ ಸಿಕ್ಕಿದ ಮೇಲೆ ವರ್ಷ ಸಿಗುತ್ತದೆ, ವರ್ಷ ಸಿಕ್ಕಿದ ಮೇಲೆ ಪಂಚಾಂಗ ಸಿಗುತ್ತದೆ, ಪಂಚಾಂಗ ಸಿಕ್ಕಿದ ಮೇಲೆ ಇಡೀ ಹಲಗೆ ಅರ್ಥವಾಗಿಬಿಡುತ್ತದೆ. ದಯವಿಟ್ಟು ಇಲ್ಲಿ ಸ್ವಲ್ಪ ನಿಲ್ಲಿ. ಈ ಭಾಷಣದಲ್ಲಿ ನೀವು ಒಂದೇ ಒಂದು ಮಾತನ್ನು ನೆನಪಿಟ್ಟುಕೊಂಡರೂ ಸಾಕು: ಓದಲಾಗದ ಲಿಪಿಯಲ್ಲಿ ಚಿಹ್ನೆಯ ಅರ್ಥವನ್ನು ಅದರ ಆಕಾರ ಹೇಳುವುದಿಲ್ಲ, ಸಾಲಿನಲ್ಲಿ ಅದು ನಿಂತಿರುವ ಜಾಗ ಹೇಳುತ್ತದೆ.

ಇದಕ್ಕೆ ನನಗೆ ಬಹಳ ಪ್ರಿಯವಾದ ಒಂದು ಪ್ರಸಂಗವನ್ನು ವಿವರವಾಗಿಯೇ ಹೇಳಬೇಕು. 1868ರಲ್ಲಿ ತಾಹಿತಿಯ ಬಿಷಪ್ ಆಗಿದ್ದ ಫ್ಲೊರೆಂಟಿನ್ ಜೋಸೆನ್ ಅವರಿಗೆ, ಹೊಸದಾಗಿ ಕ್ರೈಸ್ತರಾಗಿದ್ದ ರಾಪಾ ನುಯಿ ಜನರು ಒಂದು ಕಾಣಿಕೆ ಕಳುಹಿಸಿದರು. ತಮ್ಮ ತಲೆಗೂದಲನ್ನು ಹೆಣೆದು ಮಾಡಿದ ಉದ್ದನೆಯ ಹುರಿ ಅದು. ಹುರಿ ಸಿಕ್ಕಾಗದಿರಲೆಂದು ಅದನ್ನು ಒಂದು ಹಳೆಯ ಮರದ ತುಂಡಿಗೆ ಸುತ್ತಿದ್ದರು. ಬಿಷಪ್ಪರ ಕಣ್ಣು ಹುರಿಯನ್ನು ಬಿಟ್ಟು ಮರದ ಮೇಲೆ ಬಿತ್ತು, ಏಕೆಂದರೆ ಅದರ ಎರಡೂ ಮುಖಗಳಲ್ಲಿ ಸಾಲುಸಾಲಾಗಿ ಸಣ್ಣ ಚಿಹ್ನೆಗಳು ಕೊರೆದಿದ್ದವು. ಅದಕ್ಕೆ ನಾಲ್ಕು ವರ್ಷ ಮೊದಲೇ, 1864ರಲ್ಲಿ, ಯುಜೀನ್ ಐರೋ ಎಂಬ ಕ್ರೈಸ್ತ ಧರ್ಮಪ್ರಚಾರಕರು ದ್ವೀಪದ ಮನೆಮನೆಯಲ್ಲಿಯೂ ಇಂಥ ಹಲಗೆಗಳಿವೆ ಎಂದು ಬರೆದಿದ್ದರು. ಜೋಸೆನ್ ಇನ್ನಷ್ಟು ಹಲಗೆಗಳನ್ನು ಹುಡುಕಿಸಲು ಹೊರಟಾಗ ಸಿಕ್ಕಿದ್ದು ಬೆರಳೆಣಿಕೆಯಷ್ಟು ಮಾತ್ರ.

ಓದಬಲ್ಲವರು ಏನಾದರು ಎಂದು ನೀವು ಕೇಳಬಹುದು. 1862 ಮತ್ತು 1863ರಲ್ಲಿ ಪೆರು ದೇಶದಿಂದ ಬಂದ ಹಡಗುಗಳು ದ್ವೀಪದ ಸಾವಿರಕ್ಕೂ ಹೆಚ್ಚು ಜನರನ್ನು ಗುಲಾಮಗಿರಿಗೆ ಹಿಡಿದೊಯ್ದವು. ವಿದ್ಯಾವಂತರೂ ಮುಖಂಡರೂ ಅವರಲ್ಲಿದ್ದರು. ಹಿಂದಿರುಗಿ ಬಂದ ಕೆಲವೇ ಜನರೊಂದಿಗೆ ಸಿಡುಬು ಬಂತು. 1877ರ ಹೊತ್ತಿಗೆ ಇಡೀ ದ್ವೀಪದಲ್ಲಿ ಉಳಿದಿದ್ದವರು 111 ಜನ. ಒಂದು ಲಿಪಿ ತಾನಾಗಿ ಮರೆತುಹೋಯಿತು ಎಂದು ಹೇಳುವವರಿಗೆ ಈ ಅಂಕಿಯನ್ನು ನೆನಪಿಸಬೇಕಾಗುತ್ತದೆ. ಅದನ್ನು ಬಲ್ಲವರನ್ನು ಕೊಂದು ಅಳಿಸಲಾಯಿತು.

ಜೋಸೆನ್ ತಾಹಿತಿಯಲ್ಲಿಯೇ ತೋಟದ ಕೂಲಿಗೆ ಬಂದಿದ್ದ ರಾಪಾ ನುಯಿಯವರ ನಡುವೆ ವಿಚಾರಿಸಿದಾಗ, ಮೆಟೊರೊ ಎಂಬಾತ ತನಗೆ ಓದಲು ಬರುತ್ತದೆ ಎಂದು ಮುಂದೆ ಬಂದ. ಬಿಷಪ್ಪರು ಅವನ ಕೈಗೆ ಹಲಗೆ ಕೊಟ್ಟರು. ಆತ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಕೆಳಗಿನ ಸಾಲಿನ ಎಡತುದಿಯಿಂದ ರಾಗವಾಗಿ ಹಾಡಲು ತೊಡಗಿದ. ಸಾಲು ಮುಗಿದ ಕೂಡಲೇ ಹಲಗೆಯನ್ನು ತಲೆಕೆಳಗು ಮಾಡಿ ಮುಂದಿನ ಸಾಲಿಗೆ ಹೋದ. ಒಂದು ಸಾಲು ನೆಟ್ಟಗೆ, ಮುಂದಿನ ಸಾಲು ತಲೆಕೆಳಗಾಗಿ ಬರೆದಿರುವ ಈ ಕ್ರಮ ಹೊರಜಗತ್ತಿಗೆ ತಿಳಿದದ್ದು ಅವನಿಂದ. ಆ ಋಣ ದೊಡ್ಡದು. ಜೋಸೆನ್ ನಾಲ್ಕು ಹಲಗೆಗಳನ್ನು ಅವನಿಂದ ಹಾಡಿಸಿ, ಪ್ರತಿಯೊಂದು ಪದವನ್ನೂ ಶ್ರದ್ಧೆಯಿಂದ ಬರೆದುಕೊಂಡರು. ಆದರೆ ಬರೆದುಕೊಂಡದ್ದನ್ನು ಓದಿದರೆ ಕಥೆಯೂ ಇಲ್ಲ, ಪ್ರಾರ್ಥನೆಯೂ ಇಲ್ಲ. ಮನುಷ್ಯ ಕುಳಿತಿದ್ದಾನೆ, ಹಕ್ಕಿ ಇದೆ, ಮೀನು ಇದೆ, ಚಂದ್ರ ಇದ್ದಾನೆ ಎಂಬ ಬಗೆಯ ಮಾತುಗಳ ಮಾಲೆ. ಮೆಟೊರೊ ಓದುತ್ತಿರಲಿಲ್ಲ, ಚಿತ್ರಗಳನ್ನು ನೋಡಿ ಅವುಗಳ ಹೆಸರು ಹೇಳುತ್ತಿದ್ದ.

ಪ್ರಸಂಗದ ಮುಖ್ಯ ಭಾಗ ಇನ್ನು ಮುಂದಿದೆ. ಆ ನಾಲ್ಕು ಹಲಗೆಗಳಲ್ಲಿ ಒಂದರ ಹೆಸರು ಮಾಮರಿ. 1958ರಲ್ಲಿ ಜರ್ಮನಿಯ ವಿದ್ವಾಂಸ ತೋಮಾಸ್ ಬಾರ್ಟೆಲ್ ಈ ಲಿಪಿಯ ಬಹುತೇಕ ಎಲ್ಲ ಬರಹಗಳನ್ನೂ ನಕಲು ಮಾಡಿ, ಚಿಹ್ನೆಗಳಿಗೆ ಅಂಕಿಗಳನ್ನು ಕೊಟ್ಟು ಪ್ರಕಟಿಸಿದಾಗ, ಮಾಮರಿಯ ಒಂದು ಮುಖದ ಎರಡೂವರೆ ಸಾಲಿನಷ್ಟು ಭಾಗ ಚಂದ್ರನ ಪಂಚಾಂಗವೆಂದು ಗುರುತಿಸಿದರು. ಅದನ್ನೇ ಮೆಟೊರೊ ಬಿಷಪ್ಪರ ಮುಂದೆ ಹಿಂದುಮುಂದಾಗಿ ಹಾಡಿದ್ದ. ನಡುವೆ ಎದ್ದು ಕಾಣುವ ಹುಣ್ಣಿಮೆಯ ಚಿಹ್ನೆಯೂ ಅವನಿಗೆ ಹುಣ್ಣಿಮೆ ಎಂದು ಹೊಳೆದಿರಲಿಲ್ಲ. ಹೀಗಿದ್ದರೂ ಅವನ ಮಾತುಗಳಿಂದ ಜೋಸೆನ್ ತಯಾರಿಸಿದ ಚಿಹ್ನೆಗಳ ಪಟ್ಟಿಯನ್ನು ನಂಬಿ ಸೂರ್ಯ, ನಕ್ಷತ್ರ ಎಂದು ಅರ್ಥ ಹೇಳುವವರು ಇಂದಿಗೂ ಇದ್ದಾರೆ. ಇದನ್ನು ನಾನು ಬೇಸರದಿಂದಲೇ ಹೇಳುತ್ತಿದ್ದೇನೆ, ಕ್ಷಮಿಸಿ.

ಹಾಗಾದರೆ ಚಂದ್ರನ ಪಂಚಾಂಗವನ್ನು ನಾವು ಏಕೆ ನಂಬುತ್ತೇವೆ? ಅರ್ಧಚಂದ್ರ ಚಂದ್ರನಂತೆ ಕಾಣುತ್ತದೆ ಎಂಬ ಕಾರಣಕ್ಕೆ ಖಂಡಿತ ಅಲ್ಲ. 1886ರಲ್ಲಿ ಅಮೆರಿಕದ ಮೊಹಿಕನ್ ಎಂಬ ಹಡಗಿನಲ್ಲಿ ಬಂದ ವಿಲಿಯಂ ಥಾಮ್ಸನ್, ದ್ವೀಪದ ಹಿರಿಯರಿಂದ ತಿಂಗಳ ಒಂದೊಂದು ರಾತ್ರಿಯ ಹೆಸರನ್ನೂ ಕೇಳಿ ಬರೆದುಕೊಂಡಿದ್ದರು. ನಾವು ಪಾಡ್ಯ, ಬಿದಿಗೆ, ತದಿಗೆ ಎಂದು ಎಣಿಸುವಂತೆ, ಅವರಲ್ಲಿಯೂ ಕೆಲವು ರಾತ್ರಿಗಳಿಗೆ ಕೊಕೊರೆ ಒಂದು, ಕೊಕೊರೆ ಎರಡು ಎಂಬ ಎಣಿಕೆಯ ಹೆಸರುಗಳಿದ್ದವು. ಹುಣ್ಣಿಮೆಗೆ ಒಮೊಟೊಹಿ ಎಂಬ ಸ್ವಂತ ಹೆಸರಿತ್ತು. ಮಾಮರಿಯ ಸಾಲುಗಳಲ್ಲಿ ಒಂದೇ ಬಗೆಯ ಅರ್ಧಚಂದ್ರಗಳು ಗುಂಪುಗುಂಪಾಗಿ ಬರುತ್ತವೆ. ಗುಂಪು ಗುಂಪಿನ ನಡುವೆ ಹೆಚ್ಚುಕಡಿಮೆ ಒಂದೇ ಚಿಹ್ನಾಮಾಲೆ ಎಂಟು ಸಲ ಮರಳುತ್ತದೆ. ಆ ಮಾಲೆಯ ಕೊನೆಯಲ್ಲಿ ಒಂದು ಮೀನಿದೆ. ಶುಕ್ಲಪಕ್ಷದಲ್ಲಿ ಅದರ ತಲೆ ಮೇಲಕ್ಕೆ, ಕೃಷ್ಣಪಕ್ಷದಲ್ಲಿ ಕೆಳಕ್ಕೆ. ನಡುವೆ ಒಂದು ದುಂಡು, ಅದರೊಳಗೆ ಕುಳಿತ ಒಂದು ಆಕೃತಿ, ಅದೇ ಹುಣ್ಣಿಮೆ. ಫ್ರೆಂಚ್ ಮೂಲದ ಭಾಷಾವಿಜ್ಞಾನಿ ಜಾಕ್ ಗೀ 1990ರಲ್ಲಿ ಇವನ್ನು ಥಾಮ್ಸನ್ ಅವರ ಪಟ್ಟಿಯೊಂದಿಗೆ ಹೋಲಿಸಿ, ತಿಂಗಳು ಉದ್ದವಾದಾಗ ಸೇರಿಸಬೇಕಾದ ಹೆಚ್ಚುವರಿ ರಾತ್ರಿಗಳ ಲೆಕ್ಕವನ್ನೂ ವಿವರಿಸಿದರು. ಗಮನಿಸಿ, ಎಣಿಕೆ ಹೊಂದಿತು, ಕ್ರಮ ಹೊಂದಿತು, ದ್ವೀಪದವರೇ ಹೇಳಿದ ಹೆಸರುಗಳು ಹೊಂದಿದವು. ಜಾಗ ಹೇಳಿತು, ಆಕಾರ ಹೇಳಲಿಲ್ಲ.

ಉಳಿದಿರುವ ಸಮಯ ಕಡಿಮೆ, ಆದ್ದರಿಂದ ಇನ್ನುಳಿದದ್ದನ್ನು ಬೇಗ ಹೇಳುತ್ತೇನೆ. ಆಕಾರವನ್ನು ನಂಬಿ ಮೋಸಹೋದ ಕಥೆಗೆ ನಮ್ಮ ದೇಶದ ನಂಟೂ ಇದೆ. 1932ರಲ್ಲಿ ಗಿಯೋಮ್ ದ ಹೆವೆಶಿ ಎಂಬವರು ಸಿಂಧೂ ಕಣಿವೆಯ ಮುದ್ರೆಗಳ ಚಿಹ್ನೆಗಳನ್ನೂ ರೊಂಗೊರೊಂಗೊ ಚಿಹ್ನೆಗಳನ್ನೂ ಅಕ್ಕಪಕ್ಕ ಇಟ್ಟು, ಇವೆರಡೂ ಒಂದೇ ಎಂದರು. ಎರಡರ ನಡುವೆ ಸಾವಿರಾರು ವರ್ಷಗಳೂ ಅರ್ಧ ಭೂಗೋಳವೂ ಇವೆ. ಮಾನವಶಾಸ್ತ್ರಜ್ಞ ಆಲ್ಫ್ರೆಡ್ ಮೆಟ್ರೊ ಅದನ್ನು ಖಂಡಿಸಿದರು. ಆದರೂ ಆ ಜೋಡಿಪಟ್ಟಿ ಇನ್ನೂ ಅಲ್ಲಲ್ಲಿ ತಿರುಗುತ್ತಲೇ ಇದೆ.

ರಾಪಾ ನುಯಿ ಜನರು ಸೂರ್ಯನನ್ನು ಗಮನಿಸುತ್ತಿದ್ದರು ಎಂಬುದರಲ್ಲಿ ನನಗೆ ಸಂದೇಹವಿಲ್ಲ. ದ್ವೀಪದ ‘ಹುರಿ ಆ ಉರೆಂಗಾ’ ಎಂಬ ಸ್ಥಳದ ವೇದಿಕೆಯ ವಿಗ್ರಹ ಜೂನ್ ತಿಂಗಳ ಅಯನದಂದು ಸೂರ್ಯ ಹುಟ್ಟುವ ದಿಕ್ಕಿಗೆ ಮುಖ ಮಾಡಿ ನಿಂತಿದೆ ಎಂದು ಪುರಾತತ್ತ್ವಜ್ಞ ವಿಲಿಯಂ ಮಲ್ಲಾಯ್ ತೋರಿಸಿದ್ದಾರೆ. ಆದರೆ ಕಲ್ಲು ಸೂರ್ಯನ ಕಡೆ ನೋಡಿದ ಮಾತ್ರಕ್ಕೆ ಹಲಗೆಯ ಚಕ್ರ ಸೂರ್ಯನಾಗುವುದಿಲ್ಲ. ಬಿಷಪ್ಪರಿಗೆ ಹುರಿ ಸುತ್ತಿ ಕಳುಹಿಸಿದ್ದ ಆ ಹಲಗೆಯ ಮರವನ್ನು ವಿಜ್ಞಾನಿಗಳು ಪರೀಕ್ಷಿಸಿ, ಅದು 1493ರಿಂದ 1509ರ ನಡುವಿನದು ಎಂದು 2024ರಲ್ಲಿ ಪ್ರಕಟಿಸಿದರು. ಯುರೋಪಿನವರು ಈ ದ್ವೀಪಕ್ಕೆ ಮೊದಲು ಕಾಲಿಟ್ಟದ್ದು 1722ರಲ್ಲಿ. ಈ ಜನ ಲಿಪಿಯನ್ನು ತಾವೇ ಕಂಡುಕೊಂಡರು ಎಂಬ ಸಾಧ್ಯತೆ ಇದರಿಂದ ಎಷ್ಟೋ ಬಲವಾಗಿದೆ. ಅಂಥವರ ಬರಹಕ್ಕೆ ನಮ್ಮ ಊಹೆಗಳನ್ನು ಹೊರಿಸುವುದು ಸರಿಯಲ್ಲ.

ಸೂರ್ಯನ ವರ್ಷವನ್ನು ಹುಡುಕುವ ಆಸಕ್ತಿ ಇರುವ ತರುಣ ಕೇಳುಗರು ಹೀಗೆ ಮಾಡಬಹುದು. ಥಾಮ್ಸನ್ ಬರೆದುಕೊಂಡ ಪಟ್ಟಿಯಲ್ಲಿ ಅನಾಕೆನಾ, ಹೊರಾ ಇಟಿ, ಹೊರಾ ನುಯಿ ಮುಂತಾದ ತಿಂಗಳ ಹೆಸರುಗಳಿವೆ. ಚಂದ್ರನ ಹನ್ನೆರಡು ತಿಂಗಳು ಸೂರ್ಯನ ವರ್ಷಕ್ಕಿಂತ ಹನ್ನೊಂದು ದಿನ ಕಡಿಮೆಯಾಗುವುದರಿಂದ, ಋತುಗಳೊಂದಿಗೆ ಹೊಂದಿಸಲು ಆಗಾಗ ಒಂದು ಹದಿಮೂರನೆಯ ತಿಂಗಳು ಬೇಕೇ ಬೇಕು. ಆದ್ದರಿಂದ ಕಿರಣದ ಚಕ್ರವನ್ನು ಮರೆತುಬಿಡಿ. ಬಾರ್ಟೆಲ್ ಅವರ ನಕಲುಗಳಲ್ಲಿ, ಒಂದೇ ಚಿಹ್ನಾಮಾಲೆ ಹನ್ನೆರಡು ಸಲ ಮರಳಿ ಬಂದು, ಹದಿಮೂರನೆಯದು ಮಾತ್ರ ಬೇರೆಯಾಗಿ ನಿಲ್ಲುವ ಜಾಗವನ್ನು ಹುಡುಕಿ. ಅಂಥ ಜಾಗ ಒಂದು ಹಲಗೆಯಲ್ಲಿ ಸಿಕ್ಕರೆ ಸಾಲದು, ಇನ್ನೊಂದರಲ್ಲಿಯೂ ಸಿಗಬೇಕು. ಆಗ ಆ ಮಾಲೆಯ ತಲೆಯಲ್ಲಿ ಕಿರಣದ ಚಕ್ರ ನಿಂತಿದ್ದರೆ, ಅದನ್ನು ಸೂರ್ಯ ಎಂದು ಕರೆಯಲು ನಾನು ಸಂತೋಷದಿಂದ ಒಪ್ಪುತ್ತೇನೆ.

ನಮಸ್ಕಾರ.